ಇಂಜಿನ್ ಮತ್ತೆ ಬಿಚ್ಚಿಸುವ ಮೊದಲು

ಪ್ರಶ್ನೆ: ಸರ್, ನನ್ನದು 2013ರ ಮಾಡೆಲ್, 150 ಸಿಸಿ ಬೈಕು. 70 ಸಾವಿರ ಕಿ.ಮೀ. ಓಡಿದೆ. ದಿನಾ ಬೆಳಿಗ್ಗೆ ಅದರಲ್ಲೇ ಮನೆ ಮನೆಗೆ ಹಾಲು ಹಾಕುತ್ತೇನೆ. ಆಯಿಲ್ ಕಡಿಮೆಯಾಗುತ್ತಿತ್ತು, ಪಿಕಪ್ ಬಿದ್ದುಹೋಗಿತ್ತು. ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ) ಹೋಗಿದೆ, ಇಂಜಿನ್ ಕೆಲಸ ಆಗಬೇಕು, 9 ಸಾವಿರ ಆಗುತ್ತದೆ ಎಂದು ಗ್ಯಾರೇಜಿನವರು ಹೇಳಿದರು. ಹನ್ನೆರಡು ದಿನ ಇಟ್ಟುಕೊಂಡು 18,500 ರೂಪಾಯಿ ತೆಗೆದುಕೊಂಡರು. ‘ಇಂಜಿನ್ ಕೆಲಸ, ಸಾಮಾನು ಸೇರಿ’ ಎಂದು ಒಂದು ಚೀಟಿ ಕೊಟ್ಟಿದ್ದಾರೆ, ಅಷ್ಟೇ. 300 ಕಿ.ಮೀ. ಓಡುವಷ್ಟರಲ್ಲಿ ಸೈಲೆನ್ಸರಿನಿಂದ ನೀಲಿ ಹೊಗೆ, ಇಂಜಿನ್ನಿನಲ್ಲಿ ಟಕಟಕ ಸದ್ದು. ಬ್ಲಾಕಿನ (ಬೋರ್ ಇರುವ ಸಿಲಿಂಡರ್ ಭಾಗದ) ಬುಡದಲ್ಲಿ ಆಯಿಲ್ ಜಿನುಗುತ್ತಿದೆ. ಈಗ ‘ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತದಿಂದ ತಿರುಗುವ, ಇಂಜಿನ್ನಿನ ಕೆಳಗಿನ ದಂಡ) ಹೋಗಿದೆ, ಇನ್ನೂ 8 ಸಾವಿರ ಕೊಡಿ, ಬಿಚ್ಚಿ ನೋಡೋಣ’ ಎನ್ನುತ್ತಾರೆ. ಹಳೇ ಸಾಮಾನನ್ನೂ ವಾಪಸ್ ಕೊಟ್ಟಿಲ್ಲ. ಏನು ಮಾಡಲಿ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಮೊದಲನೇ ಮಾತು, ಈ ಇಂಜಿನ್ನನ್ನು ಸದ್ಯಕ್ಕೆ ಯಾರ ಕೈಯಲ್ಲೂ ಬಿಚ್ಚಿಸಬೇಡಿ. ಆ ಗ್ಯಾರೇಜಿನವರೂ ಬೇಡ, ‘ನಾನು ಸರಿ ಮಾಡಿಕೊಡುತ್ತೇನೆ ಬನ್ನಿ’ ಎನ್ನುವ ಇನ್ನೊಬ್ಬರೂ ಬೇಡ. ಕೆಲಸ ಎಲ್ಲಿ ಕೆಟ್ಟಿದೆ ಎನ್ನುವುದಕ್ಕೆ ನಿಮ್ಮ ಕೈಯಲ್ಲಿರುವ ದೊಡ್ಡ ಸಾಕ್ಷಿ ಆ ಇಂಜಿನ್ನೇ. ಒಮ್ಮೆ ಬಿಚ್ಚಿ ಸಾಮಾನೆಲ್ಲ ಟ್ರೇಗೆ ಬಿದ್ದ ಮೇಲೆ, ಮೊದಲು ಹೇಗಿತ್ತು ಎಂದು ಯಾರಿಗೂ ತೋರಿಸಲು ಆಗುವುದಿಲ್ಲ. ಹೀಗೆ ಅವಸರಕ್ಕೆ ಬಿಚ್ಚಿಸಿ, ಆಮೇಲೆ ಎರಡೂ ಗ್ಯಾರೇಜಿನ ಜಗಳದ ನಡುವೆ ಸಿಕ್ಕಿಕೊಂಡವರನ್ನು ನಾನು ತುಂಬಾ ನೋಡಿದ್ದೇನೆ.

ಬೈಕನ್ನು ಓಡಿಸುವುದನ್ನೂ ನಿಲ್ಲಿಸಿ. ಹಾಲಿಗೆ ಕಷ್ಟವಾಗುತ್ತದೆ, ಗೊತ್ತು. ನಾಲ್ಕು ದಿನ ಯಾರದಾದರೂ ಗಾಡಿ ಕೇಳಿ. ಆ ಸದ್ದು ನಿಜವಾಗಿಯೂ ಕೆಳಗಿನ ಕ್ರ್ಯಾಂಕ್ ಕಡೆಯಿಂದ ಬರುತ್ತಿದ್ದರೆ, ಓಡುತ್ತಿರುವಾಗಲೇ ಇಂಜಿನ್ ಸೀಜ್ ಆಗಿ (ಒಳಗೇ ಕಚ್ಚಿಕೊಂಡು ನಿಂತು) ಹಿಂದಿನ ಚಕ್ರ ಲಾಕ್ ಆಗಬಹುದು. ಕ್ಯಾನ್ ಕಟ್ಟಿಕೊಂಡು ಹೋಗುವವರಿಗೆ ಅದು ಜೀವಕ್ಕೇ ಅಪಾಯ.

ಈಗ ಹೊಗೆಯ ವಿಷಯ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಹೊಸ ಬೋರ್ ಆದಾಗ, ಜೋಡಿಸುವಾಗ ಹಚ್ಚಿದ ಆಯಿಲ್ ಉರಿದು ಹೋಗುವವರೆಗೆ ಸ್ವಲ್ಪ ಹೊಗೆ ಬರುವುದು ಸಹಜ. 300 ಕಿ.ಮೀ. ಆದ ಮೇಲೂ ಬರುತ್ತಿದ್ದರೆ ಅದು ಸಹಜವಲ್ಲ. ಹೊಗೆ ಯಾವಾಗ ಬರುತ್ತದೆ ಎಂದು ಗಮನಿಸಿದ್ದೀರಾ? ರಾತ್ರಿಯೆಲ್ಲ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಬಂದು ಆಮೇಲೆ ಕಡಿಮೆಯಾದರೆ, ಅನುಮಾನ ವಾಲ್ವ್ ಸೀಲಿನ ಮೇಲೆ, ಅಂದರೆ ವಾಲ್ವಿನ ಪಕ್ಕದಿಂದ ಆಯಿಲ್ ಒಳಗೆ ಇಳಿಯದಂತೆ ತಡೆಯುವ ಸೀಲಿನ ಮೇಲೆ. ಇಳಿಜಾರಿನಲ್ಲಿ ಆಕ್ಸಲರೇಟರ್ ಬಿಟ್ಟು, ಮತ್ತೆ ಕೊಟ್ಟಾಗ ಬುಸ್ಸೆಂದು ಬಂದರೆ ವಾಲ್ವ್ ಓಡಾಡುವ ಕೊಳವೆ, ಅಂದರೆ ವಾಲ್ವ್ ಗೈಡ್ ನೋಡಬೇಕು. ಲೋಡಿನಲ್ಲಿ, ಆಕ್ಸಲರೇಟರ್ ಕೊಟ್ಟಷ್ಟೂ ಹೊಗೆ ಜಾಸ್ತಿಯಾದರೆ ಪಿಸ್ಟನ್ನಿನ ಸುತ್ತ ಕೂರುವ ರಿಂಗ್ ಮತ್ತು ಬೋರ್. ಇದು ಕೊನೆಯ ತೀರ್ಪಲ್ಲ, ಆದರೆ ಎಲ್ಲಿಂದ ಹುಡುಕಬೇಕು ಎಂದು ಹೇಳುತ್ತದೆ.

ಬಿಚ್ಚದೆಯೇ ತಿಳಿದುಕೊಳ್ಳಲು ಒಳ್ಳೆಯ ದಾರಿ ಕಂಪ್ರೆಷನ್ ಟೆಸ್ಟ್, ಅಂದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವುದು. ಸ್ಪಾರ್ಕ್ ಪ್ಲಗ್ ತೆಗೆದು, ಆ ತೂತಿಗೆ ಗೇಜ್ ಹಾಕಿ, ಆಕ್ಸಲರೇಟರ್ ಪೂರ್ತಿ ತೆರೆದು ಸೆಲ್ಫ್ ಅಥವಾ ಕಿಕ್ ಹೊಡೆದು ನೋಡುತ್ತಾರೆ. ನಂಬರ್ ಕಡಿಮೆ ಬಂದರೆ, ಪ್ಲಗ್ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಈಗ ನಂಬರ್ ಚೆನ್ನಾಗಿ ಏರಿದರೆ ತಪ್ಪು ರಿಂಗು ಇಲ್ಲವೇ ಬೋರಿನಲ್ಲಿದೆ. ಹಾಗೇ ಉಳಿದರೆ ವಾಲ್ವ್ ಕಡೆ. ನಿಮ್ಮ ಬೈಕಿಗೆ ಎಷ್ಟಿರಬೇಕು ಎನ್ನುವುದು ಕಂಪನಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಈ ಟೆಸ್ಟನ್ನು ನಿಮ್ಮ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಮಾಡಿಸಿ. ಗಾಡಿಯನ್ನು ಓಡಿಸಿಕೊಂಡು ಹೋಗಬೇಡಿ, ಟೆಂಪೋದಲ್ಲಿ ಹಾಕಿಕೊಂಡು ಹೋಗಿ. ‘ಏನೂ ಬಿಚ್ಚಬೇಡಿ, ಪರೀಕ್ಷೆ ಮಾಡಿ ಕಂಡದ್ದನ್ನು ಜಾಬ್ ಕಾರ್ಡಿನಲ್ಲಿ ಬರೆದುಕೊಡಿ’ ಎಂದು ಹೇಳಿ. ಟೆಂಪೋ ಬಾಡಿಗೆ, ಟೆಸ್ಟಿನ ಬಿಲ್ ಎರಡನ್ನೂ ಇಟ್ಟುಕೊಳ್ಳಿ.

ಇಂಥ ಕೆಲಸ ಸಾಮಾನ್ಯವಾಗಿ ಎಲ್ಲಿ ಕೆಡುತ್ತದೆ ಎಂದು ಹೇಳುತ್ತೇನೆ. ಸವೆದ ಬೋರಿಗೆ ಬೋರ್ ಹೊಡೆಸದೆ, ಅಂದರೆ ಒಳಗೋಡೆಯನ್ನು ಕೊರೆಸದೆ, ಸುಮ್ನೆ ಹೊಸ ರಿಂಗ್ ಹಾಕುವುದು ಒಂದು. ಆಗ ರಿಂಗ್ ಗೋಡೆಗೆ ಕೂರುವುದೇ ಇಲ್ಲ. ಬೋರ್ ಹೊಡೆಸಿದರೆ 0.25, 0.50 ಮಿ.ಮೀ. ಹೀಗೆ ಓವರ್‌ಸೈಜ್ ಪಿಸ್ಟನ್ ಬರುತ್ತದೆ. ಲೇಥಿನವರು ಪಿಸ್ಟನ್ ಕೈಯಲ್ಲಿ ಹಿಡಿದು, ಅಳತೆ ನೋಡಿಯೇ ಬೋರ್ ಹೊಡೆಯಬೇಕು. ಪಿಸ್ಟನ್ನಿಗೂ ಬೋರಿಗೂ ನಡುವಿನ ಗ್ಯಾಪ್ ಜಾಸ್ತಿಯಾದರೆ ಸದ್ದು, ಹೊಗೆ. ಕಡಿಮೆಯಾದರೆ ಸೀಜ್. ಇನ್ನು ರಿಂಗಿನ ಮೇಲೆ ಸಣ್ಣ ಅಕ್ಷರದ ಗುರುತಿರುತ್ತದೆ, ಅದು ಮೇಲ್ಮುಖವಾಗಿರಬೇಕು. ಮೂರು ರಿಂಗುಗಳ ಬಾಯಿ (ತುದಿಗಳ ನಡುವಿನ ಸಂದು) ಒಂದೇ ಸಾಲಿನಲ್ಲಿ ಬರಬಾರದು. ಬ್ಲಾಕಿನ ಬುಡದಲ್ಲಿ ಆಯಿಲ್ ಜಿನುಗುತ್ತಿದೆ ಎಂದಿದ್ದೀರಿ. ಜೋಡಣೆಯ ನಡುವೆ ಲೀಕ್ ತಡೆಯುವ ಹಳೇ ಗ್ಯಾಸ್ಕೆಟ್ಟನ್ನು ಪೂರ್ತಿ ಕೆರೆದು ತೆಗೆಯದೆ ಹೊಸದನ್ನು ಕೂರಿಸಿದರೆ, ಇಲ್ಲವೇ ಬೋಲ್ಟ್‌ಗಳನ್ನು ಒಂದೇ ಸಮ ಬಿಗಿ ಮಾಡದಿದ್ದರೆ ಹೀಗಾಗುತ್ತದೆ. ಇದು ಕೈಕೆಲಸದ ತಪ್ಪೇ ಹೊರತು ಹಳೇ ಗಾಡಿಯ ತಪ್ಪಲ್ಲ.

ನನಗೂ ಇದು ಆಗಿದೆ. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಂದು ಗಾಡಿಗೆ ಎರಡನೇ ರಿಂಗನ್ನು ತಲೆಕೆಳಗೆ ಹಾಕಿಬಿಟ್ಟಿದ್ದೆ. ಒಂದು ವಾರಕ್ಕೆ ಗಾಡಿ ಹೊಗೆ ಉಗುಳುತ್ತಾ ಬಂತು. ನಮ್ಮ ಮೇಸ್ತ್ರಿ ಗಿರಾಕಿಯ ಎದುರಿಗೇ ಬಿಚ್ಚಿಸಿ, ತಪ್ಪನ್ನು ತೋರಿಸಿ, ಹೊಸ ರಿಂಗ್ ಸೆಟ್ಟು, ಗ್ಯಾಸ್ಕೆಟ್ಟು, ಆಯಿಲು ಎಲ್ಲ ತಾವೇ ಹಾಕಿ ಕಳಿಸಿದರು. ಆ ಗಿರಾಕಿ ಆಮೇಲೂ ನಮ್ಮಲ್ಲಿಗೇ ಬರುತ್ತಿದ್ದರು. ತಪ್ಪು ಯಾರಿಂದಲೂ ಆಗಬಹುದು. ಅದನ್ನು ಸರಿಮಾಡಲು ಮತ್ತೆ ದುಡ್ಡು ಕೇಳುವುದು ಮಾತ್ರ ಸರಿಯಲ್ಲ.

ಇನ್ನು ಕ್ರ್ಯಾಂಕಿನ ಮಾತು. ಟಕಟಕ ಸದ್ದೆಲ್ಲ ಕ್ರ್ಯಾಂಕಿನದಲ್ಲ. ಮೇಲೆ ಹೆಡ್ಡಿನಲ್ಲಿ ಸಣ್ಣದಾಗಿ ಟಿಕ್ ಟಿಕ್ ಎಂದರೆ ವಾಲ್ವನ್ನು ಒತ್ತುವ ಟ್ಯಾಪೆಟ್ ಇರಬಹುದು. ಪಕ್ಕದಲ್ಲಿ, ಐಡಲಿಂಗಿನಲ್ಲಿ ಸರಪಳಿ ಅಲ್ಲಾಡಿದಂತೆ ಕೇಳಿದರೆ ವಾಲ್ವ್ ಆಡಿಸುವ ಟೈಮಿಂಗ್ ಚೈನು, ಅದನ್ನು ಬಿಗಿಯಾಗಿಡುವ ಟೆನ್ಷನರ್. ಇವೆರಡೂ ಸಣ್ಣ ಖರ್ಚಿನವು. ಕೆಳಗಿನಿಂದ ದಪ್ಪ ಸದ್ದು, ಏರಿನಲ್ಲಿ ಎಳೆಯುವಾಗ ಹೆಚ್ಚಾಗುವ ಸದ್ದು ಬಂದರೆ ಮಾತ್ರ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಮೇಲೆ ಅನುಮಾನ ಪಡಬೇಕು.

ಅದೇ ಆಗಿದ್ದರೂ ನೀವು ಕೇಳಬೇಕಾದ ಪ್ರಶ್ನೆ ಒಂದಿದೆ. ಬ್ಲಾಕ್ ಎತ್ತಿದಾಗ ಕನೆಕ್ಟಿಂಗ್ ರಾಡ್ ಕೈಗೆ ಸಿಗುತ್ತದೆ. ಅದನ್ನು ಹಿಡಿದು ಮೇಲೆ ಕೆಳಗೆ ಆಡಿಸಿ ನೋಡುವುದು ಈ ಕೆಲಸದ ಮೊದಲ ಪಾಠ. ಅಡ್ಡಕ್ಕೆ ಸ್ವಲ್ಪ ಆಡಬಹುದು, ಮೇಲೆ ಕೆಳಗೆ ಆಡಲೇಬಾರದು. ಅವರು ಬ್ಲಾಕ್ ಎತ್ತಿದ ದಿನ ಇದನ್ನು ನೋಡಿದರೇ? ನೋಡಿದ್ದರೆ ಆಗಲೇ ನಿಮಗೆ ಯಾಕೆ ಹೇಳಲಿಲ್ಲ? ನೋಡಿಲ್ಲ ಎಂದಾದರೆ ಅದು ಅವರ ಕೊರತೆ. 70 ಸಾವಿರ ಓಡಿದ ಗಾಡಿಯಲ್ಲಿ ಮೇಲಿನದು ಹೊಸದಾಗಿ ಕಂಪ್ರೆಷನ್ ಏರಿದರೆ, ಮೊದಲೇ ಸವೆದಿದ್ದ ಕ್ರ್ಯಾಂಕ್ ಬೇಗ ಸದ್ದು ಮಾಡುವುದು ನಿಜ. ಅದಕ್ಕೇ ತಾನೇ ಮೊದಲೇ ನೋಡಬೇಕಾಗಿದ್ದು?

ನನ್ನ ಲೆಕ್ಕ ಹೀಗೆ. ಕ್ರ್ಯಾಂಕ್ ನಿಜವಾಗಿ ಸವೆದಿದ್ದರೆ ಆ ಸಾಮಾನಿನ ದುಡ್ಡು ನಿಮ್ಮದು, ಯಾಕೆಂದರೆ ಅದು ಹೇಗಿದ್ದರೂ ಬೇಕಿತ್ತು. ಎರಡನೇ ಸಲ ಬಿಚ್ಚಿ ಜೋಡಿಸುವ ಕೂಲಿ, ಗ್ಯಾಸ್ಕೆಟ್, ಆಯಿಲ್ ಅವರದು. ಹೊಗೆ, ಲೀಕೇಜ್ ಪೂರ್ತಿ ಅವರ ಲೆಕ್ಕಕ್ಕೆ. ಜಾಬ್ ಕಾರ್ಡ್ ಕೈಗೆ ಬಂದ ಮೇಲೆ ಹೋಗಿ, ಕೂತು, ಇದನ್ನೇ ಹೇಳಿ. ಜಗಳಕ್ಕೆ ನಿಂತರೆ ಮಾತು ಅಲ್ಲಿಗೇ ಮುರಿಯುತ್ತದೆ. 9 ಸಾವಿರ ಹೇಳಿ 18,500 ತೆಗೆದುಕೊಂಡದ್ದಕ್ಕೆ ಸಾಮಾನುಗಳ ಹೆಸರು, ಬೆಲೆ ಬರೆದ ಬಿಲ್ ಕೇಳಿ. ಹಳೇ ಪಿಸ್ಟನ್, ರಿಂಗ್ ಕೇಳಿ. ಒಪ್ಪಿದರೆ ನೀವು ಎದುರಿಗಿರುವಾಗಲೇ ಬಿಚ್ಚಲಿ, ಪ್ರತಿ ಹಂತಕ್ಕೂ ಫೋಟೊ ತೆಗೆಯಿರಿ. ಪಿಸ್ಟನ್ ಮೇಲೆ ಕೆತ್ತಿರುವ ಸೈಜಿನ ನಂಬರ್ ಖಂಡಿತ ತೆಗೆಯಿರಿ.

ಏನು ಒಪ್ಪಿದಿರಿ ಎನ್ನುವುದನ್ನು ಬರೆಸಿಕೊಳ್ಳದೆ ಮಾತ್ರ ಗಾಡಿ ಬಿಡಬೇಡಿ. ಮಾಡಿದ ಕೆಲಸದ ಕೂಲಿ ಬಾಕಿ ಇದ್ದರೆ ಗಾಡಿಯನ್ನು ಹಿಡಿದಿಟ್ಟುಕೊಳ್ಳುವ ಹಕ್ಕನ್ನು 1872ರ ಕರಾರು ಕಾಯಿದೆಯ 170ನೇ ಸೆಕ್ಷನ್ ಕೆಲಸ ಮಾಡಿದವರಿಗೆ ಕೊಟ್ಟಿದೆ. ಬಾಯಿಮಾತಿನಲ್ಲಿ ಬಿಟ್ಟರೆ ನಾಳೆ ಎಂಟು ಸಾವಿರ ಕೊಟ್ಟೇ ಗಾಡಿ ಬಿಡಿಸಿಕೊಳ್ಳಬೇಕಾಗಬಹುದು.

ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಕಳಿಸಿ, 15 ದಿನ ಸಮಯ ಕೊಡಿ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ. ಅದಕ್ಕೂ ಬಗ್ಗದಿದ್ದರೆ ದಾವಣಗೆರೆಯಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಕೆಟ್ಟ ರಿಪೇರಿ ಸೇವಾ ನ್ಯೂನತೆಯಾಗುತ್ತದೆ, ಸರಿಯಾದ ಬಿಲ್ ಕೊಡದಿರುವುದೂ ತಪ್ಪು. ನಿಮ್ಮಷ್ಟು ಮೊತ್ತಕ್ಕೆ ಶುಲ್ಕವಿಲ್ಲ, 5 ಲಕ್ಷದವರೆಗೂ ಇಲ್ಲ. ವಕೀಲರು ಬೇಕೇಬೇಕು ಎಂದಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು, ಆನ್‌ಲೈನಿನಲ್ಲೂ ಕೊಡಬಹುದು.

ಒಂದು ಮಾತು ವಿಶೇಷವಾಗಿ ನಿಮಗೆ. ‘ನೀವು ವ್ಯಾಪಾರಕ್ಕೆ ಗಾಡಿ ಬಳಸುತ್ತೀರಿ, ನೀವು ಗ್ರಾಹಕರೇ ಅಲ್ಲ’ ಎಂದು ಗ್ಯಾರೇಜಿನವರು ವಾದಿಸಬಹುದು. ಹೆದರಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಬಳಸುವವರನ್ನು ಕಾಯಿದೆ ಗ್ರಾಹಕರೆಂದೇ ಪರಿಗಣಿಸುತ್ತದೆ. ಹಾಲು ಹಾಕಿ ಬದುಕುವವರು ನೀವು, ಅದನ್ನೇ ದೂರಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ಆಯೋಗದ ಮುಂದೆ ‘ಹೊಗೆ ಬರುತ್ತದೆ’ ಎಂದರೆ ಸಾಲದು. ಜಾಬ್ ಕಾರ್ಡ್, ಬೆಳಿಗ್ಗೆ ಮೊದಲ ಸ್ಟಾರ್ಟಿನ ವಿಡಿಯೊ, ಓಡೊಮೀಟರಿನ ಫೋಟೊ, ದುಡ್ಡು ಫೋನಿನಿಂದ ಕಳಿಸಿದ್ದರೆ ಅದರ ದಾಖಲೆ, ಆ ಚೀಟಿ ಎಲ್ಲವೂ ಬೇಕು. ಚೀಟಿಯನ್ನು ಇವತ್ತೇ ಜೆರಾಕ್ಸ್ ಮಾಡಿಸಿ, ಶಾಯಿ ಮಾಸಿಬಿಡುತ್ತದೆ.

ಕೆಲಸ ಸರಿಯಾಗಿ ಮುಗಿದು ಗಾಡಿ ಕೈಗೆ ಬಂದ ಮೇಲೆ ಮೊದಲ 500 ಕಿ.ಮೀ.ವರೆಗೆ ಸ್ಪೀಡ್ 50ರ ಮೇಲೆ ಹೋಗಬೇಡಿ, ಎರಡೂ ಕಡೆ ಕ್ಯಾನ್ ತುಂಬಿಕೊಂಡು ಏರಿನಲ್ಲಿ ಟಾಪ್ ಗೇರಿನಲ್ಲೇ ಎಳೆಸಬೇಡಿ. 500ಕ್ಕೆ ಆಯಿಲ್ ಬದಲಿಸಿ. ಡಬ್ಬದ ಮೇಲೆ ‘ಜಾಸೊ ಎಂಎ’ ಎಂದಿರುವ ಬೈಕಿನ ಆಯಿಲ್ಲೇ ಇರಲಿ, ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ವಾರಕ್ಕೊಮ್ಮೆ, ಗಾಡಿ ಸಮತಟ್ಟಾದ ಜಾಗದಲ್ಲಿ ನೆಟ್ಟಗೆ ನಿಂತಿರುವಾಗ ಆಯಿಲ್ ಲೆವೆಲ್ ನೋಡಿ ಬರೆದಿಡಿ.