ಬೆರಳು ಹೋದ ದಿನ ಡಾಕ್ಟರ ಮುಂದೆ ನಾನು ಹೇಳಿದ ಸುಳ್ಳು

ನಿಮ್ಮ ಪ್ರಶ್ನೆಯನ್ನು ಓದುತ್ತಿದ್ದಂತೆ ನನ್ನ ಬಲಗೈ ತಾನಾಗಿಯೇ ಮುದುಡಿಕೊಂಡಿತು. ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್‌ಗೆ ಸಿಕ್ಕಿ ನಿಮ್ಮ ತೋರುಬೆರಳು ಬುಡದವರೆಗೆ ಹೋಗಿದೆ, ನಾಲ್ಕು ದಿನವಾಗಿದೆ, ವಯಸ್ಸು 24, ಸಂಬಳ 16,000, ಇ.ಎಸ್.ಐ. (ಕಾರ್ಮಿಕರ ರಾಜ್ಯ ವಿಮೆ) ಕಡಿತವಿದೆ. ಮಾಲೀಕರು ಆಸ್ಪತ್ರೆಯ ಖರ್ಚಿನ ಜೊತೆಗೆ 50,000 ಕೊಡುತ್ತೇನೆ, ಇ.ಎಸ್.ಐ.ಗೆ ಹೋಗಬೇಡ ಎನ್ನುತ್ತಿದ್ದಾರೆ. ಒಪ್ಪಿಕೊಳ್ಳಲೇ, ಕೇಸ್ ಹಾಕಲೇ, ಯಾವುದರಲ್ಲಿ ಹೆಚ್ಚು ಹಣ ಎಂದು ಕೇಳಿದ್ದೀರಿ. ಏಳೆಂಟು ವರ್ಷಗಳ ಹಿಂದೆ ನಾನೂ ಇದೇ ಲೆಕ್ಕ ಹಾಕುತ್ತಾ ಕುಳಿತಿದ್ದೆ.

2018ರ ಆಗಸ್ಟ್. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಪ್ರೆಸ್ ಆಪರೇಟರ್ ಆಗಿದ್ದೆ. ಊರು ಹಿರೇಕೆರೂರು ಕಡೆ, ಐ.ಟಿ.ಐ. ಮುಗಿಸಿ ಬಂದವನು, ವಯಸ್ಸು 27, ಸಂಬಳ 12,500. ತಿಂಗಳು ತಿಂಗಳೂ 219 ರೂಪಾಯಿ ಇ.ಎಸ್.ಐ.ಗೆ ಹೋಗುತ್ತಿತ್ತು. ಆ 219 ಯಾತಕ್ಕೆ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ನನ್ನ ಪಾಲಿಗೆ ಬಂದದ್ದು ನಲವತ್ತು ಟನ್ನಿನ ಹಳೆಯ ಪವರ್ ಪ್ರೆಸ್, ಕಾಲಿನ ಪೆಡಲ್‌ನದು. ತಗಡಿನ ತುಂಡನ್ನು ಕೈಯಿಂದಲೇ ಡೈ (ಅಚ್ಚು) ಒಳಗಿಟ್ಟು, ಕೈ ಹಿಂದೆಗೆದು, ಪೆಡಲ್ ಒತ್ತಬೇಕು. ಕೈ ಸಿಕ್ಕದಂತೆ ತಡೆಯುವ ಮುಂದಿನ ಗಾರ್ಡ್ ಬಿಚ್ಚಿ ಗೋಡೆಗೆ ಒರಗಿಸಿಟ್ಟಿದ್ದೆವು. ಗಾರ್ಡ್ ಇದ್ದರೆ ಪಾಳಿಗೆ ಹೇಳಿದಷ್ಟು ಪೀಸ್ ಆಗುತ್ತಿರಲಿಲ್ಲ. ಕ್ಲಚ್ಚಿನ ಕೀ ಸವೆದು ಎರಡು ತಿಂಗಳಿನಿಂದ ಆಗಾಗ ಡಬಲ್ ಸ್ಟ್ರೋಕ್ ಹೊಡೆಯುತ್ತಿತ್ತು. ಒಮ್ಮೆ ಒತ್ತಿದರೆ ಎರಡು ಸಲ ಇಳಿಯುತ್ತಿತ್ತು. ಎರಡು ಸಲ ಹೇಳಿದ್ದೆವು. ಆರ್ಡರ್ ಮುಗಿಯಲಿ ಎಂದಿದ್ದರು. ಅಂದು ಸಂಜೆ ನಾಲ್ಕೂವರೆಗೆ ಪೀಸ್ ತೆಗೆಯಲು ಕೈ ಹಾಕಿದಾಗ ಅದು ಎರಡನೆಯ ಬಾರಿ ಇಳಿಯಿತು. ತೋರುಬೆರಳಿನ ಎರಡು ಗೆಣ್ಣು, ಮಧ್ಯದ ಬೆರಳಿನ ಒಂದು ಗೆಣ್ಣು.

ಇಲ್ಲಿಯವರೆಗಿನ ಕಥೆ ನಿಮಗೂ ಗೊತ್ತು, ಪೀಣ್ಯದಲ್ಲಿ ನೂರಾರು ಕೈಗಳಿಗೂ ಗೊತ್ತು. ನನ್ನನ್ನು ಹಾಳು ಮಾಡಿದ್ದು ಆ ಪ್ರೆಸ್ಸಿಗಿಂತ ಹೆಚ್ಚಾಗಿ ಅದರ ನಂತರದ ಇಪ್ಪತ್ತು ನಿಮಿಷ. ಅದನ್ನು ನಿಧಾನವಾಗಿ ಹೇಳುತ್ತೇನೆ, ದಯವಿಟ್ಟು ನಿಧಾನವಾಗಿ ಓದಿ.

ಕೈಗೆ ಕಾಟನ್ ವೇಸ್ಟ್ ಸುತ್ತಿ ಓಮ್ನಿಯಲ್ಲಿ ಹತ್ತಿರದ ಒಂದು ನರ್ಸಿಂಗ್ ಹೋಂಗೆ ಕರೆದುಕೊಂಡು ಹೊರಟರು. ಪಕ್ಕದಲ್ಲಿ ಸೂಪರ್‌ವೈಸರ್ ಕುಳಿತಿದ್ದರು. ಅವರು ನಮ್ಮ ತಾಲ್ಲೂಕಿನವರೇ, ನನಗೆ ಆ ಕೆಲಸ ಕೊಡಿಸಿದವರು, ನಾನು ಅಣ್ಣ ಎಂದು ಕರೆಯುತ್ತಿದ್ದವರು. ಅವರು ನನ್ನ ಬೆನ್ನು ಸವರುತ್ತಾ ಹೇಳಿದರು: "ಡಾಕ್ಟರ್ ಕೇಳಿದರೆ ಬೈಕಿನ ಚೈನ್ ಎಂದು ಹೇಳು. ಫ್ಯಾಕ್ಟರಿ ಎಂದರೆ ಪೊಲೀಸ್ ಕೇಸಾಗುತ್ತದೆ, ಪೊಲೀಸರು ಬರುವವರೆಗೆ ಕೈ ಮುಟ್ಟುವುದಿಲ್ಲ." ನಾನು ನಂಬಿದೆ. ತುರ್ತು ಗಾಯಕ್ಕೆ ಮೊದಲು ಚಿಕಿತ್ಸೆ, ಪೊಲೀಸ್ ವಿಚಾರ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳುತ್ತಿದ್ದೆನೋ ಏನೋ. ನೋವಿನಲ್ಲಿದ್ದ ಮನುಷ್ಯನಿಗೆ ಪಕ್ಕದಲ್ಲಿ ಕುಳಿತು ಬೆನ್ನು ಸವರುವವನ ಮಾತೇ ಕಾನೂನು.

ಡಾಕ್ಟರು ಕೇಳಿದರು. ಬೈಕಿನ ಚೈನ್ ಎಂದೆ. ಅವರು ಬರೆದುಕೊಂಡರು. ನಂತರ ವೇಸ್ಟ್ ಬಿಚ್ಚಿ ನೋಡಿ, ಕನ್ನಡಕದ ಮೇಲಿನಿಂದ ನನ್ನ ಮುಖ ನೋಡಿ, "ಚೈನಿಗೆ ಸಿಕ್ಕಿದರೆ ಹೀಗೆ ಚಪ್ಪಟೆಯಾಗುವುದಿಲ್ಲವಲ್ಲ" ಎಂದರು. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಅವರು ನನಗೆ ಬಾಗಿಲು ತೆರೆದು ಹಿಡಿದಿದ್ದರು. ನಾನು ಸೂಪರ್‌ವೈಸರ್ ಮುಖ ನೋಡಿದೆ, ಅವರು ನೆಲ ನೋಡಿದರು, ನಾನು "ಚೈನೇ ಸಾರ್" ಎಂದೆ. ಮರುದಿನ ಬೆಳಿಗ್ಗೆ ಡ್ರೆಸ್ಸಿಂಗ್ ಮಾಡಲು ಬಂದ ಸಿಸ್ಟರ್ ಮತ್ತೆ ಕೇಳಿದರು. ಆಗ ಪಕ್ಕದಲ್ಲಿ ಯಾರೂ ಇರಲಿಲ್ಲ, ನೋವೂ ಇಳಿದಿತ್ತು. ಆಗಲೂ ಚೈನ್ ಎಂದೆ. ಮೊದಲ ಸುಳ್ಳನ್ನು ಹೆದರಿ ಹೇಳಿದ್ದೆ. ಎರಡನೆಯದನ್ನು ಸಂಕೋಚಕ್ಕೆ ಹೇಳಿದೆ. ಮೂರನೆಯದನ್ನು ಏಕೆ ಹೇಳಿದೆ ಎಂದು ಬಹಳ ವರ್ಷ ಯೋಚಿಸಿದ್ದೇನೆ. ಗಾರ್ಡ್ ಬಿಚ್ಚಿದ್ದರಲ್ಲಿ ನನ್ನ ಕೈಯೂ ಇತ್ತು. ತಪ್ಪು ನನ್ನದು, ಹಾಗಾಗಿ ಹಕ್ಕು ನನಗಿಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಡಿಸ್ಚಾರ್ಜ್ ಕಾಗದದಲ್ಲಿ ಮನೆಯ ಬಳಿ ಬೈಕ್ ತೊಳೆಯುವಾಗ ಆದ ಗಾಯ ಎಂದು ಬಂತು. ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೆ.

ಮಾಲೀಕರು ಕೆಟ್ಟವರೇನೂ ಆಗಿರಲಿಲ್ಲ. ಬಿಲ್ ಕಟ್ಟಿದರು, ಒಂದು ತಿಂಗಳ ಸಂಬಳ ಕೊಟ್ಟರು, ಹಣ್ಣು ತಂದುಕೊಟ್ಟು ಅಮ್ಮನ ಬಳಿ ಮಾತನಾಡಿದರು. ಎರಡನೆಯ ತಿಂಗಳು ಪ್ಯಾಕಿಂಗ್‌ಗೆ ಕರೆದರು. ಟೇಪ್ ಹರಿಯಲು ಬರುತ್ತಿರಲಿಲ್ಲ, ಪೆಟ್ಟಿಗೆ ಜಾರುತ್ತಿತ್ತು. ದೀಪಾವಳಿಯ ನಂತರ 30,000 ರೂಪಾಯಿ ಎಣಿಸಿ, ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಂಡು, ಕೈ ಪೂರ್ತಿ ವಾಸಿಯಾದ ಮೇಲೆ ಬಾ ಎಂದರು. ಡಿಸೆಂಬರ್‌ನಲ್ಲಿ ಹೋದಾಗ ನನ್ನ ಪ್ರೆಸ್‌ನಲ್ಲಿ ಬೇರೊಬ್ಬ ಹುಡುಗನಿದ್ದ.

ಕಾರ್ಮಿಕ ಸಂಘದ ಹಿರಿಯರೊಬ್ಬರು ನನ್ನನ್ನು ಇ.ಎಸ್.ಐ. ಶಾಖಾ ಕಚೇರಿಗೆ ಕರೆದುಕೊಂಡು ಹೋದರು. ಅಲ್ಲಿನವರು ಕೇಳಿದ್ದು ಎರಡೇ: ಅಪಘಾತದ ವರದಿ ಎಲ್ಲಿ, ಮೊದಲು ನೋಡಿದ ಡಾಕ್ಟರ ಕಾಗದ ಎಲ್ಲಿ. ಇಂಥ ಗಂಭೀರ ಗಾಯದ ವಿಷಯ ಗೊತ್ತಾದ ಕೂಡಲೇ ಮಾಲೀಕರು ನಮೂನೆ 12ರಲ್ಲಿ ವರದಿ ಕಳುಹಿಸಬೇಕಿತ್ತು, ಕಳುಹಿಸಿರಲಿಲ್ಲ. ಕಾರ್ಖಾನೆಯ ಅಪಘಾತ ಪುಸ್ತಕದಲ್ಲಿ ನನ್ನ ಹೆಸರಿರಲಿಲ್ಲ. ಹಾಜರಿಯಲ್ಲಿ ಆ ದಿನ ನಾನು ಅರ್ಧ ದಿನದ ರಜೆ. ಡಾಕ್ಟರ ಕಾಗದ ನನ್ನ ಜೇಬಿನಲ್ಲೇ ಇತ್ತು, ಅದರಲ್ಲಿ ಬೈಕಿನ ಚೈನ್ ಇತ್ತು. ಕೆಲಸದ ವೇಳೆ ಆದ ಅಪಘಾತವು ಕೆಲಸದಿಂದಲೇ ಆದದ್ದು ಎಂದು ಕಾನೂನು ಊಹಿಸುತ್ತದೆ, ಆದರೆ ವಿರುದ್ಧ ಸಾಕ್ಷ್ಯ ಇಲ್ಲದಿದ್ದರೆ ಮಾತ್ರ. ಆ ವಿರುದ್ಧ ಸಾಕ್ಷ್ಯವನ್ನು ನಾನೇ, ನನ್ನ ಬಾಯಿಂದಲೇ, ಮೂರು ಸಲ ಬರೆಸಿದ್ದೆ. ಗಾರ್ಡ್ ಬಿಚ್ಚಿದ್ದು ಯಾರು ಎಂದು ಆ ಕಚೇರಿಯಲ್ಲಿ ಒಬ್ಬರೂ ಕೇಳಲಿಲ್ಲ. ಮಾಲೀಕರ ಕೆಲಸಕ್ಕಾಗಿಯೇ ಮಾಡುತ್ತಿದ್ದಾಗ ಆದ ಗಾಯವಾದರೆ, ಕಾರ್ಮಿಕ ಯಾವುದೋ ನಿಯಮ ಮೀರಿದ್ದರೂ ಇ.ಎಸ್.ಐ. ಅದನ್ನು ಉದ್ಯೋಗದ ಗಾಯವೆಂದೇ ನೋಡುತ್ತದೆ. ಯಾವ ತಪ್ಪಿಗೆ ಹೆದರಿ ಸುಳ್ಳು ಹೇಳಿದ್ದೆನೋ ಅದು ಲೆಕ್ಕಕ್ಕೇ ಇರಲಿಲ್ಲ. ಲೆಕ್ಕಕ್ಕೆ ಬಂದದ್ದು ಸುಳ್ಳು.

ಹದಿನಾಲ್ಕು ತಿಂಗಳು ಅಲೆದೆ. ಕೊನೆಗೆ ಉಳಿಸಿದ್ದು ಒಂದು ಫೋಟೋ. ಪಕ್ಕದ ಮಷೀನಿನ ಅಣ್ಣ ಅಂದು ಸಂಜೆ 4.41ಕ್ಕೆ ರಕ್ತವಾಗಿದ್ದ ಡೈಯ ಚಿತ್ರ ತೆಗೆದು ನನ್ನ ತಮ್ಮನಿಗೆ ವಾಟ್ಸಾಪ್ ಮಾಡಿದ್ದರು. ಅವರು ತನಿಖೆಗೆ ಬಂದ ಅಧಿಕಾರಿಯ ಮುಂದೆ ನಿಂತು, ಕಂಡದ್ದನ್ನು ಹೇಳಿ, ಬರೆದುಕೊಟ್ಟರು. ಮುಂದಿನ ತಿಂಗಳು ಅವರ ಕೆಲಸ ಹೋಯಿತು. ಎರಡು ಮಕ್ಕಳ ತಂದೆ. ಆ ಕೆಲಸ ಹೋದದ್ದು ಪ್ರೆಸ್ಸಿನಿಂದಲ್ಲ, ಓಮ್ನಿಯಲ್ಲಿ ನಾನು ತಲೆಯಾಡಿಸಿದ್ದರಿಂದ. ಇದನ್ನು ನಾನು ಯಾವ ಕಚೇರಿಯಲ್ಲೂ ಸರಿಪಡಿಸಲು ಆಗಲಿಲ್ಲ.

2020ರ ಫೆಬ್ರವರಿಯಲ್ಲಿ ವೈದ್ಯಕೀಯ ಮಂಡಳಿ ನನ್ನ ಕೈ ನೋಡಿತು. ತೋರುಬೆರಳಿನ ಎರಡು ಗೆಣ್ಣಿಗೆ ಶೇ. 11, ಮಧ್ಯದ ಬೆರಳಿನ ಒಂದಕ್ಕೆ ಶೇ. 7, ಒಟ್ಟು ಶೇ. 18 ಅಂಗವಿಕಲತೆ ಎಂದು ಬರೆಯಿತು. ಈಗ ತಿಂಗಳಿಗೆ ಸುಮಾರು ಎರಡು ಸಾವಿರ ಬರುತ್ತದೆ, ಬದುಕಿರುವವರೆಗೆ ಬರುತ್ತದೆ. ಆದರೆ ಗಾಯವಾದ ಮೊದಲ ತಿಂಗಳುಗಳಲ್ಲಿ, ಕೆಲಸ ಮಾಡಲಾಗದ ದಿನಗಳಿಗೆ ದಿನಗೂಲಿಯ ಶೇ. 90ರಷ್ಟು ಸಿಗಬೇಕಿದ್ದ ಹಣ ನನಗೆ ಸಿಗಲೇ ಇಲ್ಲ. ಅದಕ್ಕೆ ಇ.ಎಸ್.ಐ. ಡಾಕ್ಟರ ಪ್ರಮಾಣಪತ್ರ ಬೇಕು. ನಾನು ಅವರ ಬಳಿ ಹೋಗಿಯೇ ಇರಲಿಲ್ಲ. ಮೂರು ತಿಂಗಳಿಗೆ ಲೆಕ್ಕ ಹಾಕಿದರೆ ಅದೊಂದೇ 33,000 ದಾಟುತ್ತಿತ್ತು.

ಈಗ ನಿಮ್ಮ ಪ್ರಶ್ನೆ. ಒಪ್ಪಲೇ, ಕೇಸ್ ಹಾಕಲೇ ಎಂಬ ಆಯ್ಕೆಯೇ ತಪ್ಪು ಎಂದು ನಾನು ಹೇಳುತ್ತೇನೆ. ಇ.ಎಸ್.ಐ.ಗೆ ವರದಿ ಮಾಡುವುದು ಮಾಲೀಕರ ಮೇಲೆ ಕೇಸ್ ಹಾಕಿದಂತಲ್ಲ. ನಿಮ್ಮ ಸಂಬಳದ ಶೇ. 0.75, ಅವರ ಕಡೆಯಿಂದ ಶೇ. 3.25 ಈಗಾಗಲೇ ಹೋಗಿದೆ. ಆ ವಿಮೆಯ ಹಣವನ್ನು ಇ.ಎಸ್.ಐ. ನಿಗಮ ಕೊಡುತ್ತದೆ, ಮಾಲೀಕರ ಜೇಬಿನಿಂದ ಬರುವುದಿಲ್ಲ. ಹಾಗಿದ್ದೂ ಅವರು ತಡೆಯುತ್ತಿದ್ದಾರೆ ಎಂದರೆ ಬೇರೆ ಭಯವಿದೆ: ಗಾರ್ಡ್ ಇಲ್ಲದ ಮಷೀನು, ಕಾರ್ಖಾನೆಗಳ ಇಲಾಖೆಯ ಇನ್‌ಸ್ಪೆಕ್ಟರ್, ಅಥವಾ ಕಡಿತ ಮಾಡಿ ಕಟ್ಟದ ವಂತಿಗೆ. ವಂತಿಗೆ ಕಟ್ಟಿಲ್ಲ ಎಂದು ಗೊತ್ತಾದರೂ ಹಿಂಜರಿಯಬೇಡಿ. ನಿಗಮ ನಿಮಗೆ ಕೊಟ್ಟು ಅವರಿಂದ ವಸೂಲಿ ಮಾಡಬಹುದು. ಅವರ ಭಯವನ್ನು ನೀವು ನಿಮ್ಮ ಬೆರಳಿನಿಂದ ಕೊಂಡುಕೊಳ್ಳಬೇಡಿ.

ಯಾವುದರಲ್ಲಿ ಹೆಚ್ಚು ಎಂದೂ ಕೇಳಿದ್ದೀರಿ. ಪೂರ್ತಿ ತೋರುಬೆರಳಿಗೆ ಕಾನೂನಿನ ಪಟ್ಟಿಯಲ್ಲಿ ಶೇ. 14 ಅಂಗವಿಕಲತೆ ಎಂದಿದೆ. ನಿಮ್ಮ ಸಂಬಳಕ್ಕೆ ಅಂದಾಜು ತಿಂಗಳಿಗೆ ಎರಡು ಸಾವಿರ. ಅವರ 50,000 ಇಪ್ಪತ್ತೈದು ತಿಂಗಳಿಗೆ ಸಮ. ನಿಮಗೆ 24 ವರ್ಷ. ಇ.ಎಸ್.ಐ. ಇಲ್ಲದ ಗೆಳೆಯರು ಇದನ್ನು ಓದುತ್ತಿದ್ದರೆ, ಅವರಿಗೆ 1923ರ ಪರಿಹಾರ ಕಾಯ್ದೆಯ ದಾರಿ ಇತ್ತು. ಸಂಬಳದ ಶೇ. 60ನ್ನು ವಯಸ್ಸಿನ ಗುಣಕದಿಂದ ಗುಣಿಸಿ, ಬಂದದ್ದರಲ್ಲಿ ಅಂಗವಿಕಲತೆಯ ಪ್ರಮಾಣದಷ್ಟು. 30 ವರ್ಷದವರಿಗೆ ಗುಣಕ 207.98. 14,000 ಸಂಬಳದವರು ತೋರುಬೆರಳು ಕಳೆದುಕೊಂಡರೆ ಎರಡು ಲಕ್ಷದ ನಲವತ್ತನಾಲ್ಕು ಸಾವಿರ ದಾಟುತ್ತದೆ. ಇ.ಎಸ್.ಐ., ಈ ಪರಿಹಾರ ಇವೆರಡರಲ್ಲಿ ಒಂದೇ ಸಿಗುವುದು. ಇ.ಎಸ್.ಐ. ಇರುವವರಿಗೆ ಎರಡನೆಯದಿಲ್ಲ. 2025ರ ನವೆಂಬರ್ 21ರಿಂದ ಈ ಎರಡು ಕಾಯ್ದೆಗಳೂ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿವೆ. ಕಲಮುಗಳ ಸಂಖ್ಯೆ ಬದಲಾಗಿದೆ, ಹಾಗಾಗಿ ನನ್ನ ಹಳೆಯ ಕಾಗದಗಳನ್ನು ನಕಲು ಮಾಡಿಕೊಂಡು ಅರ್ಜಿ ಬರೆಯಬೇಡಿ, ಶಾಖಾ ಕಚೇರಿಯಲ್ಲೇ ಈಗಿನ ನಮೂನೆ ಕೇಳಿ.

ಆದರೆ ಈ ಲೆಕ್ಕಗಳೆಲ್ಲ ನಾಳಿನದು. ಇಂದಿನದು ಒಂದೇ: ನಿಮ್ಮನ್ನು ಮೊದಲು ನೋಡಿದ ಡಾಕ್ಟರು ಏನು ಬರೆದಿದ್ದಾರೆ? ಇಂದೇ ಹೋಗಿ ಕೇಸ್ ಶೀಟ್ ಕೇಳಿ ಓದಿಸಿಕೊಳ್ಳಿ. ಪ್ರೆಸ್ ಎಂದಿದ್ದರೆ ಅದರ ಪ್ರತಿ ಪಡೆಯಿರಿ. ಬೇರೇನಾದರೂ ಇದ್ದರೆ, ಯಾರು ಹೇಳಿಸಿದರು, ಏಕೆ ಹೇಳಿದೆ, ನಿಜವಾಗಿ ಏನಾಯಿತು ಎಂದು ತಾರೀಕು ಹಾಕಿ ಬರೆದು ಆಸ್ಪತ್ರೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಹಳೆಯದನ್ನು ಅಳಿಸಲು ಕೇಳಬೇಡಿ, ಹೊಸದನ್ನು ಸೇರಿಸಲು ಕೇಳಿ. ನಾಲ್ಕನೆಯ ದಿನ ಹೇಳಿದ ನಿಜವನ್ನು ಜನ ನಂಬುತ್ತಾರೆ. ನಾಲ್ಕನೆಯ ತಿಂಗಳು ಹೇಳಿದ ನಿಜಕ್ಕೆ ನನ್ನಂತೆ ಸಾಕ್ಷಿ ಹುಡುಕಬೇಕಾಗುತ್ತದೆ. ಅಲ್ಲಿಂದ ನೇರವಾಗಿ ಇ.ಎಸ್.ಐ. ಡಿಸ್ಪೆನ್ಸರಿಗೆ ಹೋಗಿ ಪ್ರಮಾಣಪತ್ರ ಬರೆಸಿಕೊಳ್ಳಿ. ಮಾಲೀಕರಿಗೆ ದಿನ, ಹೊತ್ತು, ಮಷೀನು, ಬೆರಳು ಇಷ್ಟನ್ನು ಬರೆದು ವಾಟ್ಸಾಪ್‌ನಲ್ಲೂ ಸ್ಪೀಡ್ ಪೋಸ್ಟ್‌ನಲ್ಲೂ ಕಳುಹಿಸಿ, ಅದರ ಒಂದು ಪ್ರತಿಯನ್ನು ಶಾಖಾ ಕಚೇರಿಗೂ ಕೊಡಿ. ಬೈಗುಳ ಬೇಡ, ಬೇಡಿಕೆಯೂ ಬೇಡ, ನಡೆದದ್ದು ಮಾತ್ರ ಸಾಕು. 50,000ವನ್ನು ಪ್ರೀತಿಯಿಂದ ಕೊಡುತ್ತಿದ್ದರೆ ಸಹಿ ಕೇಳದೆ ಕೊಡಲಿ. ಸಹಿ ಕೇಳಿದರೆ ತೆಗೆದುಕೊಳ್ಳಬೇಡಿ. ಸಹಿ ಮಾಡಿದ ಮಾತ್ರಕ್ಕೆ ಇ.ಎಸ್.ಐ. ಹಕ್ಕು ಹೋಗುವುದಿಲ್ಲ ಎಂಬುದು ನಿಜ. ಆದರೆ ಆ ಕಾಗದದಲ್ಲಿ ಏನು ಬರೆದಿರುತ್ತಾರೆ ಎಂಬುದನ್ನು ನಾನು ನೋಡಿದ್ದೇನೆ: ನನ್ನ ಸ್ವಂತ ಅಜಾಗರೂಕತೆಯಿಂದ, ಕಾರ್ಖಾನೆಯ ಹೊರಗೆ.

ಮಾಲೀಕರು ಒಳ್ಳೆಯವರು, ಮನಸ್ಸು ಒಪ್ಪುತ್ತಿಲ್ಲ ಎಂದೂ ಬರೆದಿದ್ದೀರಿ. ಒಳ್ಳೆಯವರಾಗಿದ್ದರೆ ವರದಿ ಕಳುಹಿಸುತ್ತಾರೆ, ಅವರಿಗೆ ಆ ಅವಕಾಶ ಕೊಡಿ. ಗಾಯದ ರಜೆಗೆ ಇ.ಎಸ್.ಐ. ಹಣ ಪಡೆಯುತ್ತಿರುವಾಗ ಸಾಮಾನ್ಯವಾಗಿ ಕೆಲಸದಿಂದ ತೆಗೆಯುವಂತಿಲ್ಲ ಎಂದು ಹಳೆಯ ಇ.ಎಸ್.ಐ. ಕಾಯ್ದೆ ಹೇಳುತ್ತಿತ್ತು, ಈಗಿನ ನಿಯಮವನ್ನೂ ಶಾಖಾ ಕಚೇರಿಯಲ್ಲಿ ಕೇಳಿ. ನಿಮ್ಮ ಪಕ್ಕದ ಮಷೀನಿನವರಿಂದ ಇಂದೇ ನಾಲ್ಕು ಸಾಲು ಬರೆಸಿಕೊಳ್ಳಿ. ನಾನು ಹದಿನಾಲ್ಕು ತಿಂಗಳ ನಂತರ ಅವರ ಬಾಗಿಲಿಗೆ ಹೋದಂತೆ ಹೋಗಬೇಡಿ.

ಕೇಸ್ ಶೀಟ್‌ನಲ್ಲಿ ಏನಿದೆ ಎಂದು ನೋಡಿ ಇಲ್ಲೇ ಬರೆಯಿರಿ. ಪ್ರೆಸ್ ಬಿಟ್ಟು ಬೇರೇನಾದರೂ ಇದ್ದರೆ ತಿದ್ದುಪಡಿಯ ಪತ್ರವನ್ನು ನಾನೇ ಬರೆದುಕೊಡುತ್ತೇನೆ. ಎಡಗೈಯಲ್ಲಿ ಬರೆಯುವುದನ್ನು ಕಲಿತಿದ್ದೇನೆ.