ಇಷ್ಟದ ಪೈಪ್ ತಂಬಾಕು ಕೈಗೆ ಎಟುಕುತ್ತಿಲ್ಲ, ಅದೇ ರುಚಿಯ ಅಗ್ಗದ ಮಿಕ್ಸ್ಚರ್ ಯಾವುದಿದೆ?

ವಿರಾಜಪೇಟೆಯಲ್ಲಿ ಕೂತು ‘ಅರ್ಲಿ ಮಾರ್ನಿಂಗ್ ಪೈಪ್’ ಎಂಬ ತಂಬಾಕು ಮಿಕ್ಸ್ಚರ್‌ನ ರುಚಿಯನ್ನು ಅರ್ಧ ಬೆಲೆಗೆ ಹುಡುಕುತ್ತಿದ್ದೀರಿ. ಸಿಗುವುದಿಲ್ಲ. ಇಷ್ಟು ಹೇಳಿ ಮುಗಿಸುತ್ತಿದ್ದೆ. ಆದರೆ ನಿಮ್ಮ ಪತ್ರದ ಕೊನೆಯ ಸಾಲಿನಲ್ಲಿ ‘ಪಿರಿಯಾಪಟ್ಟಣದ ಹೊಗೆಸೊಪ್ಪು ತಂದು ಅದಕ್ಕೇ ಬೆರೆಸಿದರೆ ಹೇಗೆ’ ಎಂದು ಕೇಳಿದ್ದೀರಲ್ಲ, ಅದನ್ನು ಓದಿ ಎದೆ ಧಸಕ್ಕೆಂದಿತು. ನಾನು ಅದನ್ನೇ ಮಾಡಿದವನು.

ಈ ಚಟ ನನಗೆ ಹತ್ತಿದ್ದು ಚಿಕ್ಕಪ್ಪನಿಂದ. ಸೈನ್ಯದಿಂದ ರಿಟೈರ್ ಆಗಿ ಬಂದು ಸುಂಟಿಕೊಪ್ಪದ ಹತ್ತಿರ ತೋಟ ನೋಡಿಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಅವರ ಬ್ರಯರ್ ಮರದ ಪೈಪ್ ನನಗೆ ಬಂತು, ಜೊತೆಗೆ ಅರ್ಧ ಡಬ್ಬಿ ಡನ್‌ಹಿಲ್ ಅರ್ಲಿ ಮಾರ್ನಿಂಗ್. ಅದು ಮುಗಿದ ಮೇಲೆ ದುಬೈಯಲ್ಲಿದ್ದ ಭಾವ ರಜೆಗೆ ಬರುವಾಗಲೆಲ್ಲ ತಂದುಕೊಡುತ್ತಿದ್ದರು. 2018ರಲ್ಲಿ ಡನ್‌ಹಿಲ್ ಹೆಸರಿನ ಪೈಪ್ ತಂಬಾಕು ನಿಂತೇ ಹೋಯಿತು. ಆ ವರ್ಷ ಕೊಡಗಿನಲ್ಲಿ ಯಾರಿಗೂ ತಂಬಾಕಿನ ಚಿಂತೆ ಇರಲಿಲ್ಲ ಬಿಡಿ. ಆಗಸ್ಟಿನಲ್ಲಿ ಗುಡ್ಡಗಳೇ ಜಾರಿ ಬಂದಿದ್ದವು, ಮಡಿಕೇರಿ-ಸಂಪಾಜೆ ರಸ್ತೆಯೇ ಕಿತ್ತುಹೋಗಿತ್ತು.

ಮರುವರ್ಷ ಅವೇ ಮಿಕ್ಸ್ಚರ್‌ಗಳು ಪೀಟರ್ಸನ್ ಹೆಸರಿನಲ್ಲಿ ಬಂದವು. ಡನ್‌ಹಿಲ್‌ಗೆ ಕೊನೆಯ ವರ್ಷಗಳಲ್ಲಿ ತಯಾರಿಸಿ ಕೊಡುತ್ತಿದ್ದ ಡೆನ್ಮಾರ್ಕಿನ ಕಂಪನಿಯದ್ದೇ ಹೊಸ ಡಬ್ಬಿಯೂ. ಹಾಗಾಗಿ ‘ಹಳೆಯದರ ರುಚಿಯೇ ಬೇರೆ’ ಎನ್ನುವವರ ಮಾತಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನನ್ನ ತೊಂದರೆ ಬೇರೆಯೇ ಆಗಿತ್ತು. ಭಾವ ದುಬೈ ಬಿಟ್ಟು ಊರಿಗೆ ಬಂದುಬಿಟ್ಟರು. ಬೆಂಗಳೂರಿನ ಅಂಗಡಿಯಲ್ಲಿ ವಿಚಾರಿಸಿದರೆ ಬೆಲೆ ಕೇಳಿಯೇ ಫೋನ್ ಇಟ್ಟೆ. ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಪೈಪ್ ಮಿಕ್ಸ್ಚರ್ ಮೇಲೆ ಶೇಕಡ 28 ತೆರಿಗೆ, ಅದರ ಜೊತೆ ಶೇಕಡ 290 ಸೆಸ್ ಹಾಕಿದ್ದರು. ನೂರು ರೂಪಾಯಿಯ ಮಾಲಿಗೆ ಮುನ್ನೂರ ಹದಿನೆಂಟು ರೂಪಾಯಿ ಸರ್ಕಾರಕ್ಕೆ. ಹೊರದೇಶದ ಮಾಲಾದರೆ ಆಮದು ಸುಂಕ ಬೇರೆ.

ಆಗ ನನ್ನ ಹತ್ತಿರ ಒಡೆದ ಡಬ್ಬಿ ಒಂದು, ಒಡೆಯದ ಡಬ್ಬಿ ಒಂದು ಇತ್ತು. ಬುದ್ಧಿ ಇದ್ದವನಾದರೆ ಅವೆರಡನ್ನು ವರ್ಷಗಟ್ಟಲೆ ಎಳೆಯುತ್ತಿದ್ದ. ನಾನು ಲೆಕ್ಕ ಹಾಕಲು ಹೋದೆ. ಈ ಮಿಕ್ಸ್ಚರ್‌ನಲ್ಲಿ ಏನಿದೆ? ವರ್ಜೀನಿಯಾ, ಓರಿಯಂಟಲ್, ಲಟಾಕಿಯಾ ಎಂಬ ಮೂರು ಬಗೆಯ ತಂಬಾಕು. ವರ್ಜೀನಿಯಾ ಎಲ್ಲಿ ಬೆಳೆಯುತ್ತದೆ? ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿ ಕೊಪ್ಪ, ಬೈಲಕುಪ್ಪೆ ಕಳೆದರೆ ರಸ್ತೆಯ ಎರಡೂ ಕಡೆ ಅದೇ! ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಎಲ್ಲ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ಮನೆ ಬಾಗಿಲಲ್ಲಿ ಬೆಳೆಯುವ ಸೊಪ್ಪು ಡೆನ್ಮಾರ್ಕಿಗೆ ಹೋಗಿ ಡಬ್ಬಿ ಸೇರಿ ಬರಲು ನಾನ್ಯಾಕೆ ದುಡ್ಡು ಕೊಡಬೇಕು ಎಂದು ಅನಿಸಿತು. ನಿಮಗೂ ಹಾಗೇ ಅನಿಸಿದೆ, ಅಲ್ವಾ?

ಪಿರಿಯಾಪಟ್ಟಣದ ಕಡೆ ನನಗೆ ಪರಿಚಯದ ಗೌಡ್ರು ಒಬ್ಬರಿದ್ದಾರೆ. ನಮ್ಮ ತೋಟಕ್ಕೆ ಸಗಣಿ ಗೊಬ್ಬರ ಕಳಿಸುವವರು. ಹೋಗಿ ಕೇಳಿದೆ. ಅವರು ನಕ್ಕರು. ‘ಸ್ವಾಮಿ, ಇದನ್ನ ಹಂಗೆಲ್ಲಾ ಮಾರಂಗಿಲ್ಲ. ಬೋರ್ಡ್ ಹರಾಜಿಗೇ ಹಾಕಬೇಕು’ ಎಂದರು. ನಿಜ. ವರ್ಜೀನಿಯಾ ಬೆಳೆಯಬೇಕಾದರೆ ತಂಬಾಕು ಮಂಡಳಿಯಲ್ಲಿ ನೋಂದಣಿ ಇರಬೇಕು. ಕರ್ನಾಟಕದಲ್ಲಿ 1984ರಿಂದ ಮಾರಾಟವೂ ಮಂಡಳಿಯ ಹರಾಜು ಮಾರುಕಟ್ಟೆಯಲ್ಲೇ. ನಾನು ಮುಖ ಸಣ್ಣ ಮಾಡಿಕೊಂಡಿದ್ದು ನೋಡಿ, ಗ್ರೇಡಿಗೆ ಬಾರದ ಒಂದಿಷ್ಟು ಸೊಪ್ಪನ್ನು ಪೇಪರಿನಲ್ಲಿ ಸುತ್ತಿ ಸುಮ್ನೆ ಕೊಟ್ಟರು. ದುಡ್ಡು ಮುಟ್ಟಲಿಲ್ಲ. ‘ಯಾತಕ್ಕೆ’ ಎಂದು ಕೇಳಿದರು. ಹೇಳಿದೆ. ‘ನಾವು ಬೆಳೆಯೋರೇ ಇದನ್ನ ಸೇದಲ್ಲ’ ಎಂದರು. ಆ ಮಾತನ್ನು ಕಿವಿಗೆ ಹಾಕಿಕೊಳ್ಳಬೇಕಿತ್ತು.

ಸೊಪ್ಪು ನೋಡಲು ಬಂಗಾರದ ಬಣ್ಣ. ವಾಸನೆಯೂ ಚೆನ್ನಾಗಿಯೇ ಇತ್ತು. ಮನೆಗೆ ತಂದು ಎರಡು ಪಾಲು ಮಾಡಿದೆ. ಒಂದು ಪಾಲು ವರ್ಜೀನಿಯಾ ಎಂದು ಹಾಗೇ ಇಟ್ಟೆ. ಇನ್ನೊಂದು ಪಾಲನ್ನು ಲಟಾಕಿಯಾ ಮಾಡಲು ಹೊರಟೆ! ಲಟಾಕಿಯಾ ಎಂದರೆ ಹೊಗೆಯಲ್ಲಿ ಒಣಗಿಸಿದ ಎಲೆ ಎಂದು ಓದಿದ್ದೆ. ಹೊಗೆಗೇನು ಬರ ನಮ್ಮಲ್ಲಿ? ಹಿಂದಿನ ಅಡುಗೆಮನೆಯಲ್ಲಿ ಸೌದೆ ಒಲೆ ಇದೆ. ಮಳೆಗಾಲದಲ್ಲಿ ಅದರ ಮೇಲಿನ ಅಟ್ಟದಲ್ಲಿ ಹಂದಿ ಮಾಂಸ ಒಣಗಿಸುವುದು ನಮ್ಮ ಮನೆಯ ರೂಢಿ. ಅಲ್ಲೇ ಸೊಪ್ಪನ್ನೂ ನೇತುಹಾಕಿದೆ. ಕೆಳಗೆ ಕಾಫಿ ಗಿಡ ಕಪಾತು ಮಾಡಿದ ಕಡ್ಡಿ, ಸಿಲ್ವರ್ ಓಕ್ ಸೌದೆ. ಕೆಲವು ವಾರದಲ್ಲಿ ಎಲೆ ಕಪ್ಪಾಯಿತು. ಮನೆಯವಳು ಮೂಸಿ ನೋಡಿ, ‘ಇದನ್ನು ಸೇದುತ್ತೀರೋ, ಹಂದಿ ಮಾಂಸದ ಹಾಗೆ ಕಾಚಂಪುಳಿ ಹುಳಿ ಹಾಕಿ ಬೇಯಿಸುತ್ತೀರೋ’ ಎಂದು ಕೇಳಿದಳು.

ಇಲ್ಲಿಯವರೆಗೆ ನಡೆದದ್ದು ಹುಚ್ಚಾಟ, ನಷ್ಟವಲ್ಲ. ನಷ್ಟ ಆದದ್ದು ಮುಂದೆ.

ನಮ್ಮ ಸೊಪ್ಪನ್ನು ಸಣ್ಣಗೆ ಕತ್ತರಿಸಿ, ಚಿಕ್ಕಪ್ಪನ ಕಾಲದ ಉಪ್ಪಿನಕಾಯಿ ಜಾಡಿಗೆ ಹಾಕಿದೆ. ಆಮೇಲೆ ಒಡೆದ ಡಬ್ಬಿಯನ್ನು ಅದಕ್ಕೆ ಸುರಿದೆ. ಸಾಲದು ಎನಿಸಿತು. ಒಡೆಯದ ಡಬ್ಬಿಯನ್ನೂ ಒಡೆದು ಸುರಿದೆ. ಕಾಫಿ ಪುಡಿಗೆ ಚಿಕೋರಿ ಬೆರೆಸಿದ ಹಾಗೆ, ಒಳ್ಳೆಯದನ್ನು ಹಿಗ್ಗಿಸುವುದು ನನ್ನ ಯೋಚನೆ. ಚೆನ್ನಾಗಿ ಕಲಸಿ, ಮುಚ್ಚಳ ಬಿಗಿದು, ರುಚಿ ಕೂಡಿಕೊಳ್ಳಲಿ ಎಂದು ಇಟ್ಟೆ. ಜುಲೈ ತಿಂಗಳು. ಹೊರಗೆ ಧಾರಾಕಾರ.

ಇದರಲ್ಲಿ ಎಷ್ಟು ತಪ್ಪಿದೆ ನೋಡಿ. ಒಂದೊಂದಾಗಿ ಹೇಳುತ್ತೇನೆ, ಯಾಕೆಂದರೆ ‘ಬೆರೆಸಬೇಡಿ’ ಎಂದಷ್ಟೇ ಹೇಳಿದರೆ ನೀವು ಬೆರೆಸುತ್ತೀರಿ. ನಾನಾಗಿದ್ದರೂ ಬೆರೆಸುತ್ತಿದ್ದೆ.

ಪಿರಿಯಾಪಟ್ಟಣದ ಸೊಪ್ಪನ್ನು ಬ್ಯಾರನ್ ಎಂಬ ಬಿಸಿ ಕೋಣೆಯಲ್ಲಿ ಬೇಯಿಸುತ್ತಾರೆ. ಬೆಂಕಿಯ ಹೊಗೆ ಕೊಳವೆಯೊಳಗೇ ಹೋಗುತ್ತದೆ, ಎಲೆಗೆ ತಾಗುವುದು ಬಿಸಿ ಮಾತ್ರ. ಎಲೆಯೊಳಗಿನ ಪಿಷ್ಟ ಸಕ್ಕರೆಯಾಗಿ, ಆ ಸಕ್ಕರೆ ಹಾಗೇ ನಿಲ್ಲುತ್ತದೆ. ವರ್ಜೀನಿಯಾದ ಸಿಹಿ ಬರುವುದು ಅದರಿಂದ. ನಾಲಿಗೆ ಸುಡುವುದೂ ಅದರಿಂದಲೇ. ಕಂಪನಿಯವರು ಹರಾಜಿನಲ್ಲಿ ಕೊಂಡದ್ದನ್ನು ನೇರವಾಗಿ ಡಬ್ಬಿಗೆ ತುಂಬುವುದಿಲ್ಲ. ಮತ್ತೆ ಒಣಗಿಸಿ, ತೇವ ಸರಿ ಮಾಡಿ, ಕಟ್ಟಿ, ವರ್ಷವೋ ಅದಕ್ಕಿಂತ ಜಾಸ್ತಿಯೋ ಗೋದಾಮಿನಲ್ಲಿ ಮಾಗಲು ಬಿಡುತ್ತಾರೆ. ಹಸಿ ಘಾಟು, ಅಮೋನಿಯಾ ವಾಸನೆ ಹೋಗುವುದು ಆ ಕಾಯುವಿಕೆಯಲ್ಲಿ. ನನ್ನ ಸೊಪ್ಪಿಗೆ ಅಷ್ಟು ಕಾಲವೇ ಆಗಿರಲಿಲ್ಲ, ಹೆಚ್ಚೆಂದರೆ ಹಿಂದಿನ ಸುಗ್ಗಿಯ ಕೊನೆಯದ್ದು. ಗ್ರೇಡಿನಿಂದ ಬಿದ್ದದ್ದು ಬೇರೆ.

ಲಟಾಕಿಯಾದ ಕತೆ ಇನ್ನೂ ಕೆಟ್ಟದು. ಅದನ್ನು ಮಾಡುವುದು ಸಣ್ಣ ಎಲೆಯ ಓರಿಯಂಟಲ್ ಜಾತಿಯಿಂದ. ಮೊದಲು ಸಿರಿಯಾದಿಂದ ಬರುತ್ತಿತ್ತು, ಆಮೇಲೆ ಸೈಪ್ರಸ್ ಎಲೆಯೇ ಗತಿಯಾಯಿತು. ಅಲ್ಲಿ ಅದನ್ನು ಪರಿಮಳದ ಮರ, ಪೊದೆಗಳ ಹೊಗೆಯಲ್ಲಿ ಹದವಾಗಿ ಇಡುತ್ತಾರೆ. ನನ್ನ ಅಟ್ಟದಲ್ಲಿ ಇದ್ದದ್ದು ಹಸಿ ಕಡ್ಡಿಯ ಹೊಗೆ ಮತ್ತು ಹಂದಿ ಕೊಬ್ಬಿನ ಆವಿ. ನೀವು ಅಗ್ಗಕ್ಕೆ ಹುಡುಕುತ್ತಿರುವ ರುಚಿಯಲ್ಲಿ ಹೊಗೆಯ ಪಾಲು ಈ ಲಟಾಕಿಯಾದ್ದು. ಅದು ಅಗ್ಗವಾಗಿ ಬರುವ ದಾರಿಯೇ ಇಲ್ಲ. ಬೆಳೆಯುವ ಜಾಗ ಕಮ್ಮಿ, ಕೆಲಸ ಜಾಸ್ತಿ.

ಆಮೇಲೆ ತೇವ. ಇದು ನನಗೆ ಗೊತ್ತಿರಬೇಕಿತ್ತು. ಕಾಫಿ ಬೆಳೆಯುವವನು ನಾನು. ತೊಳೆದು ಒಣಗಿಸಿದ ಕಾಫಿ ಬೀಜದ, ಅಂದರೆ ಪಾರ್ಚ್‌ಮೆಂಟಿನ, ತೇವ ಶೇಕಡ 10ಕ್ಕೆ ಇಳಿಯದೆ ಗೋಣಿಗೆ ತುಂಬುವುದಿಲ್ಲ. ತುಂಬಿದರೆ ಏನಾಗುತ್ತದೆ ಎಂದು ಚಿಕ್ಕ ಮಕ್ಕಳಿಗೂ ಗೊತ್ತು. ಪೈಪ್ ತಂಬಾಕಿಗೆ ಶೇಕಡ 12ರಿಂದ 15ರಷ್ಟು ತೇವ ಸಾಕು. ನನ್ನ ಸೊಪ್ಪು ಕೊಡಗಿನ ಜುಲೈ ಗಾಳಿಯನ್ನು ವಾರಗಟ್ಟಲೆ ಕುಡಿದಿತ್ತು, ಮುಟ್ಟಿದರೆ ಒದ್ದೆ ಬಟ್ಟೆ ಮುಟ್ಟಿದಂತೆ ತಣ್ಣಗಿತ್ತು. ಮೀಟರ್ ಮನೆಯಲ್ಲೇ ಇತ್ತು, ಕಾಫಿ ಬೀಜಕ್ಕೆಂದು. ತಂಬಾಕಿಗೆ ಆ ಮೀಟರ್ ಸರಿಯಾದ ಅಂಕಿ ತೋರಿಸುವುದಿಲ್ಲ, ಒಪ್ಪುತ್ತೇನೆ. ಕೈಬೆರಳು ತೋರಿಸುತ್ತಿತ್ತಲ್ಲ? ಅಂಥ ಸೊಪ್ಪನ್ನು ಮುಚ್ಚಿದ ಜಾಡಿಯಲ್ಲಿ ಒಳ್ಳೆಯ ತಂಬಾಕಿನ ಜೊತೆ ಕೂಡಿಹಾಕಿದೆ.

ಮುಚ್ಚಳ ತೆಗೆದಾಗ ಬಿಳಿ ಬೂಸ್ಟು. ಎಲ್ಲ ಕಡೆಯೂ ಅಲ್ಲ, ಅಲ್ಲಲ್ಲಿ. ಅದೇ ದೊಡ್ಡ ತೊಂದರೆ. ಪೂರ್ತಿ ಹಿಡಿದಿದ್ದರೆ ಒಂದೇ ಸಲ ಬೈದು ಎಸೆಯಬಹುದಿತ್ತು. ಬೂಸ್ಟು ಇಲ್ಲದ ಕಡೆಯಿಂದ ಹೆಕ್ಕಿ ಒಂದು ಪೈಪ್ ತುಂಬಿದೆ. ಗಂಟಲಿನವರೆಗೆ ಘಾಟು, ನಾಲಿಗೆಯ ತುದಿ ಉರಿದು ಎರಡು ದಿನ ಸಾರಿನ ಖಾರ ಗೊತ್ತಾಗಲಿಲ್ಲ. ನೀವು ಹಾಗೆ ಹೆಕ್ಕಲು ಹೋಗಬೇಡಿ. ಬೂಸ್ಟು ಕಂಡ ತಂಬಾಕು ಗುಂಡಿಗೆ, ಕಾಣದ ಪಾಲೂ ಗುಂಡಿಗೆ.

ಪೈಪ್‌ಗೂ ಏಟು ಬಿತ್ತು. ಬ್ರಯರ್ ಮರ ವಾಸನೆ ಹೀರಿಕೊಳ್ಳುತ್ತದೆ. ಆಮೇಲೆ ಯಾವ ತಂಬಾಕು ಹಾಕಿದರೂ ಅಟ್ಟದ ವಾಸನೆ. ಕೊನೆಗೆ ಒಳಗಿನ ಮಸಿ ಕೆರೆದು, ಹತ್ತಿ ತುರುಕಿ, ಅದಕ್ಕೆ ಮಿಲಿಟರಿ ಕ್ಯಾಂಟೀನ್ ರಮ್ ಹನಿಸಿ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ಹತ್ತಿ ಕಂದು ಬಣ್ಣಕ್ಕೆ ತಿರುಗಿತ್ತು. ಕೆಲವರು ಹತ್ತಿಯ ಬದಲು ಉಪ್ಪು ಹಾಕಲು ಹೇಳುತ್ತಾರೆ. ಬೇಡ, ಉಪ್ಪಿನಿಂದ ಮರ ಬಿರುಕು ಬಿಡುವುದುಂಟು. ಮತ್ತೆ ಕೆಲವು ಸಲ ಹೀಗೆ ಮಾಡಿದ ಮೇಲೆ ಚಿಕ್ಕಪ್ಪನ ಪೈಪ್ ಮೊದಲಿನಂತಾಯಿತು. ಡಬ್ಬಿಗಳು ಹೋದವು ಹೋದವೇ.

ಒಂದು ಚಿಟಿಕೆ ಬೆರೆಸಿ, ಒಂದು ಪೈಪ್ ಸೇದಿ ನೋಡಿದ್ದರೆ ಅಷ್ಟರಲ್ಲೇ ಗೊತ್ತಾಗುತ್ತಿತ್ತು. ಹೋಗಲಿ, ಒಡೆಯದ ಡಬ್ಬಿಯನ್ನಾದರೂ ಬಿಡಬಹುದಿತ್ತು. ಪೂರ್ತಿ ಸುರಿದದ್ದು ಯಾಕೆಂದರೆ ನಾನು ಆಗಲೇ ಉಳಿತಾಯದ ಲೆಕ್ಕ ಮಾಡಿಬಿಟ್ಟಿದ್ದೆ. ಎರಡು ಡಬ್ಬಿ ಆರು ಡಬ್ಬಿಯಾಗುತ್ತದೆ ಎಂಬ ಲೆಕ್ಕ.

ಈಗ ನಿಮ್ಮ ಪ್ರಶ್ನೆ. ಕ್ಯಾಪ್ಟನ್ ಬ್ಲ್ಯಾಕ್ ಆಗುತ್ತದೆಯೇ ಎಂದು ಕೇಳಿದ್ದೀರಿ. ಅದು ಕ್ಯಾವೆಂಡಿಶ್ ಎಂಬ, ಸಿಹಿ ಪರಿಮಳ ಹಾಕಿದ ಬಗೆಯ ತಂಬಾಕು. ಕೋಣೆಯಲ್ಲಿ ಇರುವವರಿಗೆ ಹಿತವಾಗಿರುತ್ತದೆ, ಸೇದುವ ನಿಮಗೆ ಅರ್ಲಿ ಮಾರ್ನಿಂಗ್ ನೆನಪಿಸುವುದೇ ಇಲ್ಲ. ಬೋರ್ಕುಮ್ ರಿಫ್‌ದೂ ಅದೇ ಕತೆ. ಪ್ರಿನ್ಸ್ ಆಲ್ಬರ್ಟ್ 1907ರಿಂದ ಇರುವ ಅಮೆರಿಕದ ಹಳೇ ಸರಕು, ಬರ್ಲಿ ಎಂಬ ಜಾತಿಯ ಎಲೆಯದ್ದು. ಒಳ್ಳೆಯದೇ. ಆದರೆ ಅದರಲ್ಲಿ ಹೊಗೆಯ ರುಚಿ ಇಲ್ಲ. ಇವು ಯಾವುವೂ ಕೆಟ್ಟವಲ್ಲ, ನೀವು ಕೇಳಿದ್ದಕ್ಕೆ ಉತ್ತರವಲ್ಲ ಅಷ್ಟೇ. ಹಾಗೂ ಇಲ್ಲಿ ತರಿಸಿದರೆ ತೆರಿಗೆ ಇವಕ್ಕೂ ಇದೆ. ಅರ್ಧ ಬೆಲೆಯ ಕನಸು ಅಲ್ಲೇ ಮುಗಿಯಿತು.

ನನ್ನ ಪ್ರಕಾರ ‘ಅಗ್ಗದ್ದು ಯಾವುದು’ ಎಂಬ ಪ್ರಶ್ನೆಯೇ ತಪ್ಪು. ದಿನಕ್ಕೆ ಎಷ್ಟು ಪೈಪ್ ಎಂದು ನೀವು ಬರೆದಿಲ್ಲ. ಡಬ್ಬಿಯಲ್ಲಿ 50 ಗ್ರಾಂ ಇರುತ್ತದೆ. ಒಂದು ಪೈಪಿಗೆ ಎರಡೂವರೆ ಗ್ರಾಂ ಎಂದುಕೊಳ್ಳಿ, ಇಪ್ಪತ್ತು ಸಲ ಬರುತ್ತದೆ. ದಿನಾ ಸೇದಿದರೆ ತಿಂಗಳೂ ಬಾರದು. ವಾರಕ್ಕೊಂದು ಸೇದಿದರೆ ನಾಲ್ಕೂವರೆ ತಿಂಗಳು. ಅದೇ ಡಬ್ಬಿ, ಅದೇ ಬೆಲೆ. ನಾನೀಗ ಭಾನುವಾರ ಮಾತ್ರ ಸೇದುತ್ತೇನೆ, ಅದೂ ಕೆಲಸದವರ ಲೆಕ್ಕ ಮುಗಿದ ಮೇಲೆ. ಮೊದಲು ಕಷ್ಟವಾಯಿತು. ಸಂಜೆಯಾದರೆ ಕೈ ತಾನಾಗಿ ಕಪಾಟಿಗೆ ಹೋಗುತ್ತಿತ್ತು. ಈಗ ಇಲ್ಲ.

ಹಲ್ಲಿನ ಡಾಕ್ಟರಿಗೂ ಇದೇ ಬೇಕಿತ್ತು, ನಾನೇ ಕೇಳಿಸಿಕೊಂಡಿರಲಿಲ್ಲ. ‘ನಾನು ಹೊಗೆ ಒಳಗೆ ಎಳೆಯುವುದಿಲ್ಲ, ಸಿಗರೇಟಿನಂತಲ್ಲ’ ಎಂದು ವಾದ ಮಾಡುತ್ತಿದ್ದೆ. ಬಾಯಿಯ ಕ್ಯಾನ್ಸರ್‌ಗೆ ಹೊಗೆ ಶ್ವಾಸಕೋಶಕ್ಕೆ ಹೋಗಲೇಬೇಕೆಂದಿಲ್ಲವಲ್ಲ, ಬಾಯಿಗೆ ಬಂದರೆ ಸಾಕು. ನೀವು ಪೂರ್ತಿ ಬಿಟ್ಟರೆ ಇನ್ನೂ ಒಳ್ಳೆಯದು, ದುಡ್ಡೂ ಪೂರ್ತಿ ಉಳಿಯಿತು. ಬಿಡುವ ಬಗ್ಗೆ ನೀವು ಕೇಳಿಲ್ಲ ಎಂದು ಗೊತ್ತು, ಆದರೂ ಹೇಳದೆ ಹೋದರೆ ಮೋಸವಾಗುತ್ತದೆ.

ಬಿಡುವುದಿಲ್ಲ ಎಂದಾದರೆ ಅದೇ ಪೀಟರ್ಸನ್ ಅರ್ಲಿ ಮಾರ್ನಿಂಗ್ ಕೊಳ್ಳಿ, ಕಮ್ಮಿ ಸೇದಿ. ಹೊಗೆಯ ರುಚಿ ಇನ್ನೂ ಗಾಢವಾಗಿ ಬೇಕಾದರೆ ಅದೇ ಸಾಲಿನ ನೈಟ್‌ಕ್ಯಾಪ್ ಇದೆ, ಅರ್ಧ ಪೈಪಿಗೇ ತೃಪ್ತಿಯಾಗುತ್ತದೆ. ಆ ಲೆಕ್ಕದಲ್ಲಿ ಅದೇ ಅಗ್ಗ ಎಂದು ನಾನು ವಾದ ಮಾಡಬಲ್ಲೆ. ಡಬ್ಬಿ ಒಡೆದ ದಿನವೇ ರಬ್ಬರ್ ಮುಚ್ಚಳದ ಸಣ್ಣ ಗಾಜಿನ ಜಾಡಿಗಳಿಗೆ ಹಂಚಿಡಿ. ಮಳೆಗಾಲದಲ್ಲಿ ಒಂದು ಜಾಡಿ ಮಾತ್ರ ತೆಗೆಯುತ್ತಿರಿ, ಉಳಿದವನ್ನು ಕತ್ತಲೆಯ ಕಪಾಟಿನಲ್ಲಿಡಿ. ಉಪ್ಪಿನಕಾಯಿ ಇಟ್ಟಿದ್ದ ಜಾಡಿ ಬೇಡ, ಎಷ್ಟು ತೊಳೆದರೂ ಬೇಡ.

ಸಿಹಿ ಪರಿಮಳದ ತಂಬಾಕನ್ನೂ ನೋಡುವ ಆಸೆ ಇದ್ದರೆ ಅದಕ್ಕೆ ಬೇರೆ ಪೈಪ್ ಇಟ್ಟುಕೊಳ್ಳಿ. ಮೆಕ್ಕೆಜೋಳದ ದಿಂಡಿನ ಪೈಪ್ ಕಮ್ಮಿ ಬೆಲೆಯದು. ವಾಸನೆ ಹಿಡಿದರೆ ಎಸೆಯಲು ಹೊಟ್ಟೆ ಉರಿಯುವುದಿಲ್ಲ.

ಹೊರದೇಶದಿಂದ ಬರುವವರ ಕೈಯಲ್ಲಿ ತರಿಸುವುದಾದರೆ, ಒಬ್ಬರಿಗೆ ಸುಂಕವಿಲ್ಲದೆ 125 ಗ್ರಾಂ ತಂಬಾಕಿಗೆ ಅವಕಾಶ ಇದೆ. ಎಂದರೆ ಎರಡು ಡಬ್ಬಿ, ಅವರು ಸಿಗರೇಟು ತರದಿದ್ದರೆ. ಮೂರನೆಯದನ್ನು ಬಟ್ಟೆಯ ನಡುವೆ ಸುತ್ತಿ ತರಲು ಹೇಳಬೇಡಿ. ಬಿಲ್ಲನ್ನು ಸೂಟ್‌ಕೇಸಿನಲ್ಲಲ್ಲ, ಪಾಸ್‌ಪೋರ್ಟಿನ ಜೊತೆ ಇಟ್ಟುಕೊಳ್ಳಲು ಹೇಳಿ.