ಶಿರಸಿ ತಮ್ಮನ ಪ್ರಶ್ನೆಗೆ: ಆಟ ಮುಗಿದ ಮೇಲೂ ಬೇಸ್‌ಬಾಲ್ ಮಾತೇ ಯಾಕೆ, ಮತ್ತೆ ಕೆಲಸ ಬಿಡೋ ವಿಷಯ

ತಮ್ಮಾ, ನಿನ್ನ ಮೆಸೇಜು ನಿನ್ನೆ ರಾತ್ರಿನೇ ಓದಿದೆ, ಉತ್ತರ ಬರೆಯೋಣ ಅಂತ ಕೂತ್ರೆ ಹಳೇದೆಲ್ಲ ನೆನಪಾಗಿ ಬರೆಯೋಕೆ ಆಗ್ಲಿಲ್ಲ, ಇವತ್ತು ಭಾನುವಾರ, ಕಾಫಿ ಲೋಟ ಪಕ್ಕದಲ್ಲಿಟ್ಕೊಂಡು ಬರೀತಾ ಇದೀನಿ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದು ಮೂರು ತಿಂಗಳಾಯ್ತು, ರೂಮು ಕಾರು ಹೇಗೆ ಅಂತ ಕೇಳಿದೀಯ. ಆಫೀಸಲ್ಲಿ ಊಟಕ್ಕೆ ಕೂತ್ರೆ ಎಲ್ರೂ ಬೇಸ್‌ಬಾಲೇ ಮಾತಾಡ್ತಾರೆ, ಸೀಸನ್ ಮುಗೀತು ಅಂತಾನೂ ಅಂತಾರೆ, ಆದ್ರೂ ಯಾವನು ಯಾವ ಟೀಮಿಗೆ ಸೈನ್ ಮಾಡಿದ, ಗೋಲ್ಡ್ ಗ್ಲವ್ ಪ್ರಶಸ್ತಿ ಯಾರಿಗೆ ಬರಬೇಕಿತ್ತು ಅಂತ ಜಗಳ, ಇದನ್ನ ನಾನು ಕಲೀಬೇಕಾ ಅಂತ ಕೇಳಿದೀಯ. ಆಮೇಲೆ ಕಡೇ ಸಾಲಲ್ಲಿ, ಏನೋ ಮರೆತಿದ್ದು ಸೇರಿಸಿದ ಹಾಗೆ, ಇನ್ನೊಂದು ಕಂಪನಿಯವರು ಫೋನಲ್ಲಿ ಜಾಸ್ತಿ ಸಂಬಳ ಕೊಡ್ತೀವಿ ಅಂದಿದಾರೆ, ಇಲ್ಲಿ ಹೇಳಿ ಹೊರಡ್ಲಾ ಅಂತ. ಆ ಕಡೇ ಸಾಲಿಗೇ ನಂಗೆ ನಿದ್ದೆ ಬರ್ಲಿಲ್ಲ.

ರೂಮು ಶೇರಿಂಗಲ್ಲೇ ಇರು, ಒಂದು ವರ್ಷ. ಬಾರ್ಟ್ ರೈಲು ಸ್ಟೇಷನ್ ಹತ್ರ ಇದ್ರೆ ಒಳ್ಳೇದು. ಕಾರು ಹಳೇದು ಸಾಕು. ಅಕ್ಕಿ ಬೇಳೆ ಎಲ್ಲಾ ಸಿಗತ್ತೆ, ಅಪ್ಪೆಮಿಡಿ ಒಂದು ಊರಿಂದಲೇ ತರಬೇಕು. ಅಷ್ಟೇ ಅದಕ್ಕೆ.

ಈಗ ಬೇಸ್‌ಬಾಲ್ ವಿಷಯ. ಹೌದು, ಕಲಿ. ನಾನು ಬಂದಿದ್ದು 2003 ಅಕ್ಟೋಬರ್. ಬಂದ ವಾರದಲ್ಲೇ ಓಕ್ಲ್ಯಾಂಡ್ ಎ’ಸ್ ಟೀಮು ಬಾಸ್ಟನ್ ಮೇಲೆ ಸೋತು ಹೊರಗೆ ಬಿತ್ತು, ನನ್ನ ಪಕ್ಕದ ಸೀಟಿನ ಹಿರಿಯರು ಎರಡು ದಿನ ಸರಿಯಾಗಿ ಮಾತೇ ಆಡ್ಲಿಲ್ಲ. ಸರಿ, ಆಟ ಮುಗೀತಲ್ಲ ಇನ್ನು ಸುಮ್ನಾಗ್ತಾರೆ ಅಂದ್ಕೊಂಡೆ. ಎಲ್ಲಿ, ಡಿಸೆಂಬರಲ್ಲಿ ಮಿಗೆಲ್ ತೆಹಾಡ ಬಾಲ್ಟಿಮೋರ್‌ಗೆ 6 ವರ್ಷಕ್ಕೆ 72 ಮಿಲಿಯನ್ ಡಾಲರ್‌ಗೆ ಹೋದ ಅಂತ ಸುದ್ದಿ ಬಂದಾಗ ಆ ಮನುಷ್ಯ ಮಗಳನ್ನ ಮದುವೆ ಮಾಡಿ ಕಳ್ಸಿದ ಹಾಗೆ ಕೂತಿದ್ರು. ಒಂದು ವರ್ಷ ಮುಂಚೆ ಲೀಗಿಗೇ ಅತ್ಯುತ್ತಮ ಆಟಗಾರ ಅಂತ ಪ್ರಶಸ್ತಿ ತಗೊಂಡವನು ಅವನು. ತೆಹಾಡ ಹೋಗೋಕೂ ಎರಡು ವರ್ಷ ಮುಂಚೆ ಜೇಸನ್ ಜಿಯಾಂಬಿ ನ್ಯೂಯಾರ್ಕ್ ಯಾಂಕೀಸ್‌ಗೆ ಹೋಗಿದ್ದ, 120 ಮಿಲಿಯನ್‌ಗೆ. ಓಕ್ಲ್ಯಾಂಡ್‌ನವರಿಗೆ ಚಳಿಗಾಲ ಅಂದ್ರೆ ಬೆಳೆಸಿದ ಹುಡುಗರು ಒಬ್ಬೊಬ್ಬರೇ ದೊಡ್ಡ ಊರಿಗೆ ಹೊರಡೋ ಕಾಲ. ಸಾಗರದಲ್ಲಿ ಅಮ್ಮ ಅಪ್ಪನ್ನ ಬಿಟ್ಟು ಬಂದು ಎರಡು ತಿಂಗಳಾಗಿತ್ತು ನಂಗೆ, ಆಟದ ನಿಯಮ ಒಂದೂ ಗೊತ್ತಿರ್ಲಿಲ್ಲ, ಆ ದುಃಖ ಮಾತ್ರ ಪೂರ್ತಿ ಅರ್ಥ ಆಯ್ತು.

ಇವರು ಇದಕ್ಕೆ ಹಾಟ್ ಸ್ಟೋವ್ ಅಂತಾರೆ. ನಮ್ಮ ಕಡೆ ಮಳೆಗಾಲದಲ್ಲಿ ಬಚ್ಚಲೊಲೆ ಮುಂದೆ ಕೂತು ಯಾರ ತೋಟಕ್ಕೆ ಎಷ್ಟು ಕೊಳೆ ಬಂತು ಅಂತ ಮಾತಾಡಲ್ವಾ, ಅದೇ. ವರ್ಲ್ಡ್ ಸೀರೀಸ್ ಅನ್ನೋ ಫೈನಲ್ ಮುಗಿದ ಮೇಲೆ ನವೆಂಬರಿಂದ ಫೆಬ್ರವರಿವರೆಗೆ, ಆಟಗಾರರು ಅರಿಜೋನಾ ಫ್ಲೋರಿಡಾ ಕಡೆ ಪ್ರಾಕ್ಟೀಸಿಗೆ ಸೇರೋ ತನಕ ಇದೇ ಮಾತು. ಐಪಿಎಲ್ ಥರ ಸುತ್ತಿಗೆ ಹೊಡೆದು ಎರಡು ದಿನದಲ್ಲಿ ಮುಗಿಸಲ್ಲ, ಏಜೆಂಟು ಒಂದು ಟೀಮಿಂದ ಇನ್ನೊಂದು ಟೀಮಿಗೆ ಮಾತಾಡ್ತಾ ತಿಂಗಳುಗಟ್ಟಲೆ ಎಳೀತಾನೆ. ದೊಡ್ಡ ಅಂಕಿ ಕೇಳಿ ಬೆಚ್ಚಬೇಡ. 2023 ಡಿಸೆಂಬರಲ್ಲಿ ಶೊಹೇ ಒಟಾನಿ ಡಾಡ್ಜರ್ಸ್ ಜೊತೆ 10 ವರ್ಷಕ್ಕೆ 700 ಮಿಲಿಯನ್ ಅಂತ ಸಹಿ ಮಾಡಿದ, ಅದರಲ್ಲಿ 680 ಮಿಲಿಯನ್ ಕೈಗೆ ಬರೋದು 2034ರಿಂದ 2043ರವರೆಗೆ, ಆಡೋ ವರ್ಷಗಳಲ್ಲಿ ವರ್ಷಕ್ಕೆ 2 ಮಿಲಿಯನ್ ಮಾತ್ರ. ಮರುವರ್ಷ ಹುವಾನ್ ಸೋಟೊ ಮೆಟ್ಸ್ ಜೊತೆ 15 ವರ್ಷಕ್ಕೆ 765 ಮಿಲಿಯನ್ ಅಂದಾಗ ಆ ಥರ ಮುಂದೂಡಿದ ದುಡ್ಡು ಇರ್ಲಿಲ್ಲ. ಎರಡೂ ಅಂಕಿ ಪಕ್ಕಪಕ್ಕ ಇಟ್ರೆ ಹತ್ತತ್ರ ಕಾಣತ್ತೆ, ಆದ್ರೆ ಎರಡೂ ಬೇರೆ ಬೇರೆ. ನಿಂಗೆ ಫೋನಲ್ಲಿ ಹೇಳಿದ ಸಂಬಳದಲ್ಲೂ ಕೈಗೆ ಬರೋದೆಷ್ಟು, ನಾಲ್ಕು ವರ್ಷ ಕೂತ್ರೆ ಮಾತ್ರ ಸಿಗೋ ಷೇರು ಎಷ್ಟು, ಕೇಳಿದೀಯಾ?

ಗೋಲ್ಡ್ ಗ್ಲವ್ ಅಂದ್ರೆ ನಂಗೆ ಪ್ರಾಣ, ಅದನ್ನ ಸ್ವಲ್ಪ ಹೇಳ್ತೀನಿ. 1957ರಿಂದ ಇದೆ, ಗ್ಲವ್ ಮಾಡೋ ರಾಲಿಂಗ್ಸ್ ಕಂಪನಿಯವರು ಕೊಡೋದು, ಫೀಲ್ಡಿಂಗಿಗೆ ಮಾತ್ರ, ಪ್ರತಿ ಜಾಗಕ್ಕೂ ಒಬ್ಬ, ಇಲ್ಲಿನ ಅಮೆರಿಕನ್, ನ್ಯಾಷನಲ್ ಅನ್ನೋ ಎರಡು ಲೀಗಿಗೂ ಬೇರೆ ಬೇರೆ. ವೋಟು ಹಾಕೋದು ಟೀಮುಗಳ ಮ್ಯಾನೇಜರು ಕೋಚುಗಳು, ತಮ್ಮ ಟೀಮಿನವರಿಗೇ ಹಾಕೋ ಹಾಗಿಲ್ಲ. ಕ್ರಿಕೆಟಲ್ಲಿ ಇಂಥದ್ದು ಇದ್ದಿದ್ರೆ ನಮ್ಮ ದ್ರಾವಿಡ್ ಸ್ಲಿಪ್ಪಿಗೆ ಎಷ್ಟು ವರ್ಷ ತಗೋತಿದ್ರು ಅಂತ ನಾನು ಎಷ್ಟೋ ಸಲ ಯೋಚಿಸಿದೀನಿ, ಟೆಸ್ಟಲ್ಲಿ 210 ಕ್ಯಾಚು, ಗ್ಲವ್ ಇಲ್ಲದ ಕೈಯಲ್ಲಿ, ಅದಕ್ಕೇ ಅಂತ ಒಂದು ಪ್ರಶಸ್ತಿ ನಮ್ಮಲ್ಲಿಲ್ಲ. ನಿಮ್ಮ ಆಫೀಸಿನ ಜಗಳ ಇವತ್ತಿಂದಲ್ಲ. 1999ರಲ್ಲಿ ರಾಫೆಲ್ ಪಾಲ್ಮೇರೊ ಫಸ್ಟ್ ಬೇಸ್ ಅನ್ನೋ ಫೀಲ್ಡಿಂಗ್ ಜಾಗದಲ್ಲಿ ನಿಂತಿದ್ದು ಬರೀ 28 ಮ್ಯಾಚು, ಉಳಿದದ್ದೆಲ್ಲ ಬ್ಯಾಟಿಂಗ್ ಮಾತ್ರ, ಆದ್ರೂ ಗೋಲ್ಡ್ ಗ್ಲವ್ ಅವನಿಗೇ ಬಂತು, ಹಿಂದಿನ ಹೆಸರಿನ ಮೇಲೆ. ಅದು ಅನ್ಯಾಯ, ಆ ವರ್ಷ ಪೂರ್ತಿ ಬಿಸಿಲಲ್ಲಿ ನಿಂತವನಿಗೆ ಮಾಡಿದ ಅನ್ಯಾಯ. 2013ರಿಂದ ಅಂಕಿಅಂಶಕ್ಕೂ ಕಾಲು ಭಾಗದಷ್ಟು ತೂಕ ಕೊಟ್ಟಿದಾರೆ, ಒಳ್ಳೇದೇ ಆಯ್ತು.

ನನ್ನ ಮನಸಲ್ಲಿ ಇರೋನು ಎರಿಕ್ ಚಾವೆಜ್. ಓಕ್ಲ್ಯಾಂಡ್ ಥರ್ಡ್ ಬೇಸ್, 2001ರಿಂದ 2006ರವರೆಗೆ ಸತತ ಆರು ಗೋಲ್ಡ್ ಗ್ಲವ್. ಬುಧವಾರ ಎರಡು ಡಾಲರ್‌ಗೆ ಟಿಕೆಟು ಸಿಗೋದು, ಬಾರ್ಟ್ ಹತ್ತಿ ಕಾಲಿಸಿಯಮ್ ಸ್ಟೇಷನಲ್ಲಿ ಇಳಿದು ಸೇತುವೆ ದಾಟಿದ್ರೆ ಸ್ಟೇಡಿಯಮ್ಮು, ಎಲ್ಲಕ್ಕಿಂತ ಮೇಲಿನ ಸಾಲಲ್ಲಿ ಒಬ್ಬನೇ ಕೂತು ಅವನ ಕಾಲು ನೋಡ್ತಾ ಇದ್ದೆ, ಕೈಯಲ್ಲ, ಕಾಲು. ಬಾಲು ಎಸೆಯೋ ಪಿಚರ್ ಕೈ ಎತ್ತೋ ಹೊತ್ತಿಗೇ ಅವನು ಸರಿದು ಆಗಿರೋದು, ಬಾಲು ಬಂದಾಗ ಸಲೀಸಾಗಿ ಹಿಡಿದ ಹಾಗೆ ಕಾಣೋದು, ಪಕ್ಕದವರು ಚಪ್ಪಾಳೆನೂ ತಟ್ಟೋರಲ್ಲ. ಎಲ್ಲರನ್ನೂ ಕಳಿಸಿದ ಓಕ್ಲ್ಯಾಂಡು ಇವನೊಬ್ಬನನ್ನ ಉಳಿಸ್ಕೊಂಡಿತು, 2004 ಮಾರ್ಚಲ್ಲಿ 6 ವರ್ಷಕ್ಕೆ 66 ಮಿಲಿಯನ್. ಆಮೇಲೆ ಭುಜ, ಬೆನ್ನು, ಆಪರೇಷನ್ ಮೇಲೆ ಆಪರೇಷನ್, ಆ ಕಾಂಟ್ರಾಕ್ಟಿನ ಕಡೇ ವರ್ಷಗಳಲ್ಲಿ ಹೆಚ್ಚು ಆಡೋಕೇ ಆಗ್ಲಿಲ್ಲ ಪಾಪ, ಆದ್ರೂ ದುಡ್ಡು ಬಂತು, ಯಾಕಂದ್ರೆ ಬೇಸ್‌ಬಾಲ್ ಕಾಂಟ್ರಾಕ್ಟು ಗ್ಯಾರಂಟಿ. ನಮ್ಮದು ಹಾಗಲ್ಲ ತಮ್ಮಾ. ನಿನ್ನ ಆಫರ್ ಲೆಟರ್ ತೆಗೆದು ನೋಡು, ಅಟ್ ವಿಲ್ ಅಂತ ಒಂದು ಸಾಲಿರತ್ತೆ. ಅವರು ಇವತ್ತು ಬೇಡ ಅಂದ್ರೆ ಇವತ್ತೇ ಬೇಡ.

ಈಗ ನಿನ್ನ ಕಡೇ ಸಾಲಿಗೆ ಬರ್ತೀನಿ. ಇದನ್ನ ನಾನು ಊರಲ್ಲಿ ಯಾರಿಗೂ ಸರಿಯಾಗಿ ಹೇಳಿಲ್ಲ.

2007 ಮಾರ್ಚ್. ನನ್ನ ಕಂಪನಿಯವರು ಗ್ರೀನ್ ಕಾರ್ಡಿಗೆ ಅಂತ ನನ್ನ ಲೇಬರ್, ಅಂದ್ರೆ ಈ ಕೆಲಸಕ್ಕೆ ಇಲ್ಲಿನವರು ಸಿಗ್ತಿಲ್ಲ ಅನ್ನೋ ಸರ್ಕಾರಿ ಸರ್ಟಿಫಿಕೇಟಿಗೆ ಅರ್ಜಿ, ಫೈಲ್ ಮಾಡಿದ್ರು, ಅದು ಪಾಸೂ ಆಗಿತ್ತು, ಮುಂದಿನ ಹೆಜ್ಜೆ ಐ-140, ಅಂದ್ರೆ ಕಂಪನಿಯವರು ನನ್ನ ಪರವಾಗಿ ಹಾಕೋ ಅರ್ಜಿ, ಇನ್ನೂ ಹಾಕಿರ್ಲಿಲ್ಲ. ಆಗ ಇನ್ನೊಂದು ಕಡೆಯಿಂದ ಫೋನು ಬಂತು, ಇಂಟರ್‌ವ್ಯೂ ಚೆನ್ನಾಗಾಯ್ತು, ಅಲ್ಲಿನ ಮ್ಯಾನೇಜರು ಕೈ ಕುಲುಕಿ ನೀನು ನಮ್ಮವನು ಅಂದ್ರು, ವರ್ಷಕ್ಕೆ 12 ಸಾವಿರ ಡಾಲರ್ ಜಾಸ್ತಿ. ನಮ್ಮಪ್ಪ ತೋಟ ಚೇಣಿ ಕೊಡ್ತಿದ್ದಿದ್ದು ಬಾಯಿಮಾತಲ್ಲೇ, ಎಲೆ ಅಡಿಕೆ ಹಾಕ್ಕೊಂಡು ಎದ್ರೆ ಮುಗೀತು, ಮಾರನೇ ದಿನ ಇನ್ನೊಬ್ಬ ಜಾಸ್ತಿ ಹೇಳಿದ್ರೂ ಅಪ್ಪ ಒಳಗೆ ಕರೀತಿರ್ಲಿಲ್ಲ. ನೀನೂ ಅಂಥ ಮನೆಯಲ್ಲೇ ಬೆಳೆದವನು. ಕೈ ಕುಲುಕಿದ ಮೇಲೆ ಕಾಗದ ಕೇಳೋದು ಅವಮಾನ ಅಂತ ಅನಿಸ್ತು ನಂಗೆ. ಮಾರನೇ ಬೆಳಗ್ಗೆ ಹೋಗಿ ರಾಜೀನಾಮೆ ಕೊಟ್ಟೆ. ಮನೆಗೆ ಫೋನ್ ಮಾಡಿ ಹೇಳಿದೆ, ಅಮ್ಮ ಗಣಪತಿ ದೇವಸ್ಥಾನದಲ್ಲಿ ಪೂಜೆ ಮಾಡಿಸಿದ್ಲು.

ಹನ್ನೊಂದು ದಿನ ಆದ ಮೇಲೆ ಮೇಲ್ ಬಂತು, ಬಜೆಟ್ ನಿಂತಿದೆ, ಈ ಕೆಲಸ ಈಗಿಲ್ಲ ಅಂತ. ಎರಡು ಸಾಲು. ಹಳೇ ಕಡೆ ಹೋಗಿ ಕೇಳಿದೆ, ವಾಪಸ್ ತಗೊಳ್ಳೋಕೆ ಆಗಲ್ಲ ಅಂದ್ರು. ಆಗ ಈಗಿನ ಹಾಗೆ ಕೆಲಸ ಹೋದ್ರೆ ಇನ್ನೊಂದು ಹುಡುಕೋಕೆ 60 ದಿನ ಅನ್ನೋ ಅವಕಾಶನೂ ಇರ್ಲಿಲ್ಲ, ಸಿಕ್ಕ ಕನ್ಸಲ್ಟಿಂಗ್ ಕೆಲಸಕ್ಕೆ ಕಮ್ಮಿ ಸಂಬಳಕ್ಕೆ ಸೇರಿ ವೀಸಾ ಉಳಿಸ್ಕೊಂಡೆ. ಅಲ್ಲಿಗೆ ಮುಗಿದಿದ್ರೆ ಮರೀತಿದ್ದೆ. ಆ ಕಾಲದಲ್ಲಿ ಒಬ್ಬನ ಹೆಸರಿಗೆ ಪಾಸಾದ ಲೇಬರನ್ನ ಕಂಪನಿಯವರು ಇನ್ನೊಬ್ಬನಿಗೆ ಬಳಸಬಹುದಿತ್ತು, 2007 ಜುಲೈ 16ಕ್ಕೆ ಆ ಪದ್ಧತಿ ನಿಂತೇ ಹೋಯ್ತು, ಅದಕ್ಕೂ ಮುಂಚೆ ನಂದನ್ನ ಇನ್ನೊಬ್ಬರಿಗೆ ಹಾಕಿದ್ರು, ಗ್ರೀನ್ ಕಾರ್ಡ್ ಸಾಲಲ್ಲಿ ನನ್ನ ಸರದಿಯ ತಾರೀಖಿನ ಸಮೇತ. ಅದೇ ಬೇಸಿಗೆಯಲ್ಲಿ ಎಲ್ಲರಿಗೂ ಬಾಗಿಲು ತೆಗೀತು, ಲೇಬರ್ ಪಾಸಾದವರು ಯಾರು ಬೇಕಾದ್ರೂ ಐ-485 ಅನ್ನೋ ಗ್ರೀನ್ ಕಾರ್ಡಿನ ಕಡೇ ಅರ್ಜಿ ಹಾಕಬಹುದು ಅಂತ, ಆಗಸ್ಟ್ 17ರವರೆಗೆ. ನನ್ನ ಜೊತೆಯವರೆಲ್ಲ ರಾತ್ರಿಯೆಲ್ಲ ಕೂತು ಫಾರಂ ತುಂಬಿದ್ರು, ನಾನು ಅವರಿಗೆ ಫೋಟೋಕಾಪಿ ಮಾಡಿಕೊಟ್ಟೆ.

ಬೇಸ್‌ಬಾಲಲ್ಲೂ ಲೆಕ್ಕ ಹೀಗೇ. ಆರು ವರ್ಷ ಸರ್ವಿಸ್ ತುಂಬಿದ್ರೆ ಫ್ರೀ ಏಜೆಂಟ್, ಯಾವ ಟೀಮಿಗೆ ಬೇಕಾದ್ರೂ ಹೋಗಬಹುದು, ಅಲ್ಲೀವರೆಗೆ ಟೀಮಿನ ಸ್ವತ್ತು. 172 ದಿನ ಅಂದ್ರೆ ಒಂದು ವರ್ಷ. ಶಿಕಾಗೊ ಕಬ್ಸ್‌ನವರು 2015ರಲ್ಲಿ ಕ್ರಿಸ್ ಬ್ರಯಂಟನ್ನ ಏಪ್ರಿಲ್ 17ಕ್ಕೆ ಕೆಳಗಿನ ಲೀಗಿಂದ ಮುಖ್ಯ ಟೀಮಿಗೆ ಕರೆಸಿದ್ರು, ಅವನಿಗೆ ಆ ವರ್ಷ ಆದದ್ದು 171 ದಿನ. ಒಂದು ದಿನ ಕಮ್ಮಿ. ದೂರು ಕೊಟ್ಟ, 2020ರಲ್ಲಿ ಸೋತ, ಇನ್ನೊಂದು ವರ್ಷ ಕಾಯ್ದ. ನಮ್ಮ ಎಚ್-1ಬಿ ಕೆಲಸದ ವೀಸಾಗೂ ಆರೇ ವರ್ಷ, ಆಫೀಸಲ್ಲಿ ಈ ಸುದ್ದಿ ಮಾತಾಡಿದಾಗ ನಾನು ಎದ್ದು ಹೊರಗೆ ಹೋಗಿ ಕಾರಲ್ಲಿ ಕೂತೆ.

ನಂಗೇನೂ ಆಗ್ಲಿಲ್ಲ ಅಂತಲೇ ಹೇಳಬಹುದು, ಸಂಬಳ ಬರ್ತಾ ಇತ್ತು. ಆಗಿದ್ದು ನಿನ್ನ ಅತ್ತಿಗೆಗೆ. ಅವಳು ಮೈಸೂರಲ್ಲಿ ಕೆಮಿಸ್ಟ್ರಿ ಲೆಕ್ಚರರ್ ಆಗಿದ್ದವಳು, ನನ್ನ ನಂಬಿ ಎಚ್-4ರಲ್ಲಿ, ಅಂದ್ರೆ ಆಗ ಕೆಲಸ ಮಾಡೋ ಹಾಗಿಲ್ಲದ ಹೆಂಡತಿ ವೀಸಾದಲ್ಲಿ, ಬಂದ್ಲು. ನಾನು ಅಲ್ಲೇ ಕೂತಿದ್ದಿದ್ರೆ ಆ ವರ್ಷವೇ ಐ-485 ಜೊತೆ ಅವಳಿಗೆ ಕೆಲಸದ ಪರ್ಮಿಟ್ ಬರ್ತಿತ್ತು. ಬಂದಿದ್ದು 2015ರಲ್ಲಿ, ಕೆಲವು ಎಚ್-4ನವರೂ ಕೆಲಸ ಮಾಡಬಹುದು ಅಂತ ನಿಯಮ ಬದಲಾದ ಮೇಲೆ. ಎಂಟು ವರ್ಷ. ತನ್ನ ಪುಸ್ತಕದ ಪೆಟ್ಟಿಗೆ ಗ್ಯಾರೇಜಲ್ಲಿ ಇಟ್ಟಿದ್ಲು, ಮೊದಲ ಎರಡು ವರ್ಷ ಅದನ್ನ ಬಿಸಿಲಿಗೆ ಹಾಕಿ ತೆಗೀತಿದ್ಲು, ಆಮೇಲೆ ಬಿಟ್ಟುಬಿಟ್ಲು. ಒಂದು ಮಾತು ಅಂದಿಲ್ಲ ನಂಗೆ ಇಲ್ಲೀವರೆಗೆ. ಪರ್ಮಿಟ್ ಬಂದ ಮೇಲೆ ಲ್ಯಾಬಲ್ಲಿ ಕೆಲಸಕ್ಕೆ ಸೇರಿದ್ಲು, ಪಾಠ ಹೇಳೋಕೆ ಮತ್ತೆ ಆಗ್ಲಿಲ್ಲ.

ಅದಕ್ಕೇ ನಾನು ಆಫ್ ಸೀಸನ್ ಸುದ್ದಿ ಓದೋದೇ ಬೇರೆ ರೀತಿ. ಒಪ್ಪಂದಕ್ಕೆ ಬಂದಿದಾರೆ ಅಂತ ಬಂದ್ರೆ ಅದು ಇನ್ನೂ ಆಗಿಲ್ಲ ಅಂತಲೇ ನಂಗೆ. 2022 ಡಿಸೆಂಬರಲ್ಲಿ ಕಾರ್ಲೋಸ್ ಕೊರೆಯಾ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ 13 ವರ್ಷಕ್ಕೆ 350 ಮಿಲಿಯನ್ ಅಂತ ಸುದ್ದಿ, ಇಡೀ ಬೇ ಏರಿಯಾ ಹಬ್ಬ ಮಾಡ್ತು. ಹಿಂದಿನ ವರ್ಷವಷ್ಟೇ ಶಾರ್ಟ್‌ಸ್ಟಾಪ್ ಅನ್ನೋ ಫೀಲ್ಡಿಂಗ್ ಜಾಗಕ್ಕೆ ಗೋಲ್ಡ್ ಗ್ಲವ್ ತಗೊಂಡಿದ್ದವನು. 20ನೇ ತಾರೀಖು ಎಲ್ಲರ ಮುಂದೆ ಜೆರ್ಸಿ ಕೊಡೋ ಕಾರ್ಯಕ್ರಮ ಇತ್ತು, ಕೆಲವೇ ಗಂಟೆ ಮುಂಚೆ ಮುಂದೂಡಿದ್ರು. ಮೆಡಿಕಲ್‌ನಲ್ಲಿ ಹುಡುಗನಾಗಿದ್ದಾಗ ಕಾಲಿಗೆ ಆದ ಆಪರೇಷನ್ ಬಗ್ಗೆ ಅನುಮಾನ ಬಂದಿತ್ತು. ತಕ್ಷಣ ಮೆಟ್ಸ್ 315 ಮಿಲಿಯನ್ ಅಂದ್ರು, ಅಲ್ಲೂ ಅದೇ ಕಾಲು ಅಡ್ಡ ಬಂತು. ಕಡೆಗೆ ಜನವರಿಯಲ್ಲಿ ಮಿನ್ನೆಸೋಟದಲ್ಲಿ ಸಹಿ ಬಿದ್ದಿದ್ದು 6 ವರ್ಷಕ್ಕೆ 200 ಮಿಲಿಯನ್. ಅಷ್ಟು ದೊಡ್ಡ ಏಜೆಂಟು ಹಿಂದೆ ಇದ್ದವನಿಗೇ ಹೀಗಾದ್ರೆ, ಫೋನಲ್ಲಿ ಹೇಳಿದ್ದನ್ನ ನಂಬಿ ನೀನು ಹೊರಡ್ತೀಯಾ?

ಹೋಗಲೇಬೇಡ ಅಂತ ನಾನು ಹೇಳ್ತಿಲ್ಲ. ಒಳ್ಳೇದಾದ್ರೆ ಹೋಗು, ಹೋಗಿ ಬೆಳಿ. ಆಫರ್ ಕಾಗದದಲ್ಲಿ ಬರಲಿ, ಎರಡೂ ಕಡೆ ಸಹಿ ಆಗಲಿ, ಬ್ಯಾಕ್‌ಗ್ರೌಂಡ್ ಚೆಕ್ ಮುಗೀಲಿ, ವೀಸಾ ಟ್ರಾನ್ಸ್‌ಫರ್ ಫೈಲ್ ಆಗಲಿ, ಸಾಧ್ಯ ಆದ್ರೆ ಪಾಸ್ ಆಗೋವರೆಗೆ ಕಾಯಿ, ಗ್ರೀನ್ ಕಾರ್ಡ್ ಯಾವಾಗ ಶುರು ಮಾಡ್ತಾರೆ ಅನ್ನೋದನ್ನೂ ಬರೆಸ್ಕೋ. ಕೇಳೋಕೆ ಸಂಕೋಚ ಆಗತ್ತೆ, ನಂಗೆ ಗೊತ್ತು, ಆದ್ರೂ ಕೇಳು. ಇದೆಲ್ಲ ಆಗೋ ತನಕ ಈಗಿನ ಆಫೀಸಲ್ಲಿ ಒಂದು ಮಾತೂ ಆಡಬೇಡ, ಊರಿಗೂ ಹೇಳಬೇಡ, ಪೂಜೆ ಆಮೇಲೆ ಮಾಡಿಸಿದ್ರಾಯ್ತು.

ಎ’ಸ್ ಈಗ ಓಕ್ಲ್ಯಾಂಡಲ್ಲಿಲ್ಲ. 2024 ಸೆಪ್ಟೆಂಬರ್ 26ಕ್ಕೆ ಕಡೇ ಆಟ ಆಡಿ ಸ್ಯಾಕ್ರಮೆಂಟೊ ಪಕ್ಕಕ್ಕೆ ಹೋದ್ರು, ಮುಂದೆ ಲಾಸ್ ವೇಗಸ್ ಅಂತೆ. ಆಟಗಾರರು ಹೋದಾಗ ತಡ್ಕೊಂಡಿದ್ದ ಊರು, ಟೀಮೇ ಹೋದಾಗ ಏನು ಮಾಡಬೇಕು ಹೇಳು. ನಿನ್ನನ್ನ ಆ ಮೇಲಿನ ಸಾಲಿಗೆ ಕರ್ಕೊಂಡು ಹೋಗೋಕೆ ಆಗಲ್ಲ ಅನ್ನೋದು ನಂಗೆ ನಿಜವಾಗ್ಲೂ ಬೇಜಾರು. ಏಪ್ರಿಲಲ್ಲಿ ಜೈಂಟ್ಸ್ ಆಟಕ್ಕೆ ಹೋಗೋಣ, ಓಕ್ಲ್ಯಾಂಡ್ ಟೀಮಲ್ಲೇ ಆಡಿ ಬೆಳೆದ ಮ್ಯಾಟ್ ಚಾಪ್ಮನ್ ಈಗ ಅಲ್ಲಿ ಥರ್ಡ್ ಬೇಸ್, 2024ರಲ್ಲಿ ಅವನಿಗೆ ಐದನೇ ಗೋಲ್ಡ್ ಗ್ಲವ್ ಬಂತು, ಅವನ ಕಾಲು ನೋಡೋದು ಹೇಗೆ ಅಂತ ತೋರಿಸ್ತೀನಿ.

ಬರೋ ಶನಿವಾರ ಮನೆಗೆ ಬಾ, ತೊಡದೇವು ಊರಿಂದ ಬಂದಿದೆ. ಆ ಕಂಪನಿಯವರಿಂದ ಏನಾದ್ರೂ ಕಾಗದ ಬಂದಿದ್ರೆ ಪ್ರಿಂಟ್ ತಗೊಂಡು ಬಾ. ನಮ್ಮನೆಯಲ್ಲಿ ಈಗ ಇಂಥದ್ದನ್ನೆಲ್ಲ ಓದೋದು ನಿನ್ನ ಅತ್ತಿಗೆನೇ, ಸಣ್ಣ ಅಕ್ಷರದಲ್ಲಿರೋದನ್ನೂ ಪೆನ್ಸಿಲ್ ಹಿಡ್ಕೊಂಡು ಓದ್ತಾಳೆ.